ಉಳಿತಾಯ ಖಾತೆ, ಚಾಲ್ತಿ ಖಾತೆ: ಅಡಿಕೆ ದುಡ್ಡಿನ ಬಡ್ಡಿ ಲೆಕ್ಕ

ಪತ್ರಿಕೆಯ ಅಡಿಕೆ ಧಾರಣೆಯ ಪಟ್ಟಿ ನೋಡುವವರಿಗೆ ಭೀಮಸಮುದ್ರ ಹೊಸ ಹೆಸರಲ್ಲ. ಶಿವಮೊಗ್ಗ, ಶಿರಸಿ, ಚನ್ನಗಿರಿಗಳ ಸಾಲಿನಲ್ಲೇ ಚಿತ್ರದುರ್ಗ ತಾಲ್ಲೂಕಿನ ಈ ಕೆರೆಯೂರೂ ನಿಲ್ಲುತ್ತದೆ. ಅಪಿ, ಕೆಂಪುಗೋಟು, ಬೆಟ್ಟೆ, ರಾಶಿ, ಒಂದೊಂದಕ್ಕೂ ಒಂದೊಂದು ದರ. ಕ್ವಿಂಟಲ್‌ಗೆ ನೂರು ರೂಪಾಯಿ ಏರಿದರೂ ಇಳಿದರೂ ಸಂಜೆಯೊಳಗೆ ತೋಟದವರಿಗೆಲ್ಲ ಗೊತ್ತಾಗುತ್ತದೆ. ಮಾರಿದ ಮೇಲೆ ಖಾತೆಗೆ ಬಂದ ಹಣಕ್ಕೆ ಬ್ಯಾಂಕು ಕೊಡುವ ದರ ಎಷ್ಟು ಎಂದು ವಿಚಾರಿಸುವವರು ಮಾತ್ರ ಕಡಿಮೆ. ಆ ದರವೂ ಧಾರಣೆಯೇ. ಅದನ್ನು ಕೇಳದೆ ಬಿಟ್ಟರೆ ಬೆವರು ಸುರಿಸಿ ದುಡಿದ ಹಣದಲ್ಲಿ ಒಂದು ಪಾಲು ಸುಮ್ಮನೆ ಕೈತಪ್ಪುತ್ತದೆ.

ಅಡಿಕೆ ಬೆಳೆಗಾರನ ವರಮಾನ ಸಂಬಳದ ಹಾಗೆ ತಿಂಗಳು ತಿಂಗಳು ಬರುವುದಿಲ್ಲ. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದಾಗ, ಇಲ್ಲವೇ ತೋಟವನ್ನು ಖೇಣಿಗೆ ಕೊಟ್ಟಾಗ ಲಕ್ಷಗಳ ಲೆಕ್ಕದಲ್ಲಿ ಒಟ್ಟಿಗೆ ಬರುತ್ತದೆ. ಖರ್ಚು ಹಾಗಲ್ಲ. ಗೊಬ್ಬರ, ಆಳಿನ ಕೂಲಿ, ಕೊಳವೆಬಾವಿಯ ರಿಪೇರಿ, ಮಕ್ಕಳ ಫೀಸು ಎಂದು ವರ್ಷವಿಡೀ ಚೂರುಚೂರಾಗಿ ಹೋಗುತ್ತದೆ. ಹೊಳಲ್ಕೆರೆಯ ತೋಟದವರದೂ ಹೊಸದುರ್ಗದ ಕೊಬ್ಬರಿಯವರದೂ ಇದೇ ಕಥೆ. ಒಟ್ಟಿಗೆ ಬಂದು ನಿಧಾನ ಕರಗುವ ಇಂಥ ಹಣಕ್ಕೆ ಯಾವ ಖಾತೆ ತಕ್ಕದ್ದು ಎಂಬುದೇ ಈ ಅಧ್ಯಾಯದ ವಿಷಯ.

ಮೊದಲು ಉಳಿತಾಯ ಖಾತೆ. ಬಹಳ ಕಾಲ ಇದರ ಬಡ್ಡಿಯನ್ನು ರಿಸರ್ವ್ ಬ್ಯಾಂಕೇ ಗೊತ್ತುಮಾಡುತ್ತಿತ್ತು. 2003ರಿಂದ ದೇಶದ ಎಲ್ಲ ಬ್ಯಾಂಕುಗಳಲ್ಲೂ ಶೇ 3.5 ಇತ್ತು, 2011ರ ಮೇ ತಿಂಗಳಲ್ಲಿ ಶೇ 4 ಆಯಿತು. ಅದೇ ವರ್ಷ ಅಕ್ಟೋಬರ್ 25ರಿಂದ ದರ ನಿಗದಿಯನ್ನು ಆಯಾ ಬ್ಯಾಂಕಿಗೇ ಬಿಟ್ಟುಕೊಡಲಾಯಿತು. ಉಳಿದ ಕಟ್ಟಳೆ ಒಂದೇ: ಒಂದು ಲಕ್ಷ ರೂಪಾಯಿವರೆಗಿನ ಶಿಲ್ಕಿಗೆ ಒಂದು ಬ್ಯಾಂಕು ತನ್ನ ಗ್ರಾಹಕರೆಲ್ಲರಿಗೂ ಒಂದೇ ದರ ಕೊಡಬೇಕು, ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ ಬೇರೆ ಬೇರೆ ದರ ಇಡಬಹುದು. ಸಣ್ಣ ಹಣಕಾಸು ಬ್ಯಾಂಕುಗಳ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ದರ ಬಹುಪಾಲು ಮೇಲಿನ ಹಂತದ ಶಿಲ್ಕಿಗೆ ಸೇರಿದ್ದು. ನಿಮ್ಮ ಖಾತೆಯಲ್ಲಿ ಸಾಮಾನ್ಯವಾಗಿ ನಿಲ್ಲುವ ಮೊತ್ತಕ್ಕೆ ಎಷ್ಟು ಎಂದು ಕೇಳಿದರೆ ಮಾತ್ರ ನಿಜವಾದ ಉತ್ತರ ಸಿಗುತ್ತದೆ.

2025ರಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ 6.5ರಿಂದ ಹಂತಹಂತವಾಗಿ 5.25ಕ್ಕೆ ಇಳಿಸಿತು. ಉಳಿತಾಯ ಖಾತೆಯ ಬಡ್ಡಿಯೂ ಜೊತೆಗೇ ಜಾರಿತು. ಸ್ಟೇಟ್ ಬ್ಯಾಂಕ್ ಜೂನ್ 15ರಿಂದ ಎಲ್ಲ ಮೊತ್ತಕ್ಕೂ ಶೇ 2.5 ಎಂದಿತು. ಐದು ಲಕ್ಷ ರೂಪಾಯಿಗೆ ಅದು ದಿನಕ್ಕೆ 34 ರೂಪಾಯಿ. ಅದೇ ಹಣಕ್ಕೆ ಶೇ 6 ಸಿಕ್ಕರೆ ದಿನಕ್ಕೆ 82 ರೂಪಾಯಿ.

ದಿನದ ಲೆಕ್ಕ ಹೇಳಿದ್ದಕ್ಕೆ ಕಾರಣವಿದೆ. 2010ರ ಏಪ್ರಿಲ್ 1ರವರೆಗೆ ಬ್ಯಾಂಕುಗಳು ದಿನದ ಶಿಲ್ಕಿಗೆ ಬಡ್ಡಿ ಕಟ್ಟುತ್ತಿರಲಿಲ್ಲ. ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕಷ್ಟೇ ಬಡ್ಡಿ. ಹತ್ತರೊಳಗೆ ಕಟ್ಟಬೇಕು ಎಂದು ಹಿರಿಯರು ಅವಸರ ಮಾಡುತ್ತಿದ್ದುದು ಇದಕ್ಕೇ. ಈಗ ಬ್ಯಾಂಕಿನಲ್ಲಿ ಪ್ರತಿದಿನದ ಕೊನೆಯ ಶಿಲ್ಕಿಗೆ ಬಡ್ಡಿ ಬೀಳುತ್ತದೆ, ಮೂರು ತಿಂಗಳಿಗೊಮ್ಮೆಯಾದರೂ ಅದು ಖಾತೆಗೆ ಜಮೆಯಾಗಬೇಕು.

ಆ ಹಳೆಯ ಪದ್ಧತಿ ಇನ್ನೂ ಜೀವಂತವಾಗಿರುವುದು ಅಂಚೆ ಕಚೇರಿಯಲ್ಲಿ. ಅಂಚೆ ಉಳಿತಾಯ ಖಾತೆಗೆ ಶೇ 4 ಬಡ್ಡಿ, 2011ರ ಡಿಸೆಂಬರಿನಿಂದ ಬದಲಾಗಿಲ್ಲ. ಕೇಳಿದ ಕೂಡಲೇ ಬ್ಯಾಂಕಿಗಿಂತ ಇದೇ ಲಾಭ ಎನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಅಡಿಕೆ ಮಾರಿ ಬಂದ ನಾಲ್ಕು ಲಕ್ಷವನ್ನು ಜನವರಿ 11ರಂದು ಅಂಚೆ ಖಾತೆಗೆ ಕಟ್ಟಿ, ಮಾರ್ಚ್ 28ರಂದು ತೆಗೆದಿರಿ ಎನ್ನೋಣ. ಜನವರಿಯಲ್ಲಿ 10ನೇ ತಾರೀಖು ದಾಟಿತ್ತು, ಆ ತಿಂಗಳಿಗೆ ಬಡ್ಡಿ ಇಲ್ಲ. ಮಾರ್ಚಿನಲ್ಲಿ ತಿಂಗಳು ಮುಗಿಯುವ ಮೊದಲೇ ಹಣ ಹೋಯಿತು, ಅದಕ್ಕೂ ಇಲ್ಲ. ಫೆಬ್ರವರಿಯೊಂದಕ್ಕೆ 1,333 ರೂಪಾಯಿ. ಅದೇ ಹಣ ಶೇ 2.5ರ ಬ್ಯಾಂಕು ಖಾತೆಯಲ್ಲಿದ್ದಿದ್ದರೆ 76 ದಿನಕ್ಕೆ 2,082 ರೂಪಾಯಿ ಬರುತ್ತಿತ್ತು. ಇನ್ನು ಜನವರಿ 9ರಂದೇ ಕಟ್ಟಿ ಏಪ್ರಿಲ್ 1ರಂದು ತೆಗೆದರೆ ಅಂಚೆಯಲ್ಲಿ ಮೂರು ತಿಂಗಳೂ ಲೆಕ್ಕಕ್ಕೆ ಸಿಕ್ಕಿ 4,000 ರೂಪಾಯಿ; ಬ್ಯಾಂಕಿನಲ್ಲಿ 2,247 ಮಾತ್ರ. ಎರಡು ದಿನ ಮುಂಚೆ, ನಾಲ್ಕು ದಿನ ತಡ: ಅಷ್ಟರಲ್ಲೇ ಗೆದ್ದವರು ಸೋತವರು ಅದಲು ಬದಲು. ಅಂಚೆ ಖಾತೆ ಒಳ್ಳೆಯದೇ. ತಾರೀಖು ನೋಡಿ ನಡೆಯುವವರಿಗೆ ಮಾತ್ರ ಒಳ್ಳೆಯದು. ಅಲ್ಲಿಯ ಬಡ್ಡಿ ಖಾತೆಗೆ ಸೇರುವುದು ವರ್ಷಕ್ಕೊಮ್ಮೆ ಎಂಬುದೂ ನೆನಪಿರಲಿ.

ನನ್ನ ಅಭಿಪ್ರಾಯ ಕೇಳಿದರೆ, ಉಳಿತಾಯ ಖಾತೆಯ ಬಡ್ಡಿ ಎಲ್ಲಿ ಕಾಲು ಪೈಸೆ ಜಾಸ್ತಿ ಎಂದು ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯುವುದಕ್ಕಿಂತ, ಆ ಖಾತೆಯಲ್ಲಿ ನಿಲ್ಲುವ ಹಣವನ್ನೇ ಕಡಿಮೆ ಮಾಡುವುದು ಹೆಚ್ಚು ಲಾಭ. ಒಂದು ಕುಟುಂಬಕ್ಕೆ ಆರು ಲಕ್ಷ ಬಂತು, ಪ್ರತಿ ತಿಂಗಳ ಕೊನೆಗೆ 50 ಸಾವಿರ ಬೇಕು ಎಂದುಕೊಳ್ಳಿ. ಎಲ್ಲವೂ ಶೇ 2.5ರ ಉಳಿತಾಯ ಖಾತೆಯಲ್ಲೇ ಇದ್ದರೆ ವರ್ಷದ ಬಡ್ಡಿ ಸುಮಾರು 8,125 ರೂಪಾಯಿ. ಬದಲಿಗೆ ಮೊದಲ ಮೂರು ತಿಂಗಳಿಗೆ ಬೇಕಾದ ಒಂದೂವರೆ ಲಕ್ಷವನ್ನಷ್ಟೇ ಅಲ್ಲಿಟ್ಟು, ಉಳಿದದ್ದನ್ನು ಒಂದೂವರೆ ಲಕ್ಷದಂತೆ ಮೂರು ಎಫ್‌.ಡಿ. ಮಾಡಿ: ಒಂದು ಮೂರು ತಿಂಗಳಿಗೆ, ಒಂದು ಆರಕ್ಕೆ, ಒಂದು ಒಂಬತ್ತಕ್ಕೆ. ದರ ಕ್ರಮವಾಗಿ ಶೇ 5, 5.5, 6 ಎಂದು ಹಿಡಿದರೆ ಎಫ್‌.ಡಿ.ಗಳಿಂದ 12,750, ಉಳಿತಾಯ ಖಾತೆಯಿಂದ 2,500, ಒಟ್ಟು 15,250 ರೂಪಾಯಿ. ಹಣ ಅದೇ, ಖರ್ಚು ಅದೇ, ಬಡ್ಡಿ ಹತ್ತಿರ ಹತ್ತಿರ ಎರಡರಷ್ಟು. ಒಂದೇ ದೊಡ್ಡ ಎಫ್‌.ಡಿ. ಮಾಡಿ ನಡುವೆ ಮುರಿಯುವ ಕಷ್ಟವೂ ಇಲ್ಲ. ಮುರಿದರೆ ಹಣ ಇದ್ದಷ್ಟು ದಿನದ ದರವನ್ನೇ ಲೆಕ್ಕ ಹಿಡಿದು, ಅದರಲ್ಲೂ ಅರ್ಧ ಅಥವಾ ಒಂದು ಪರ್ಸೆಂಟ್ ಮುರಿದುಕೊಳ್ಳುವುದು ಬಹಳ ಬ್ಯಾಂಕುಗಳ ರೂಢಿ. ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಎಫ್‌.ಡಿ.ಗೆ ಸಾಮಾನ್ಯವಾಗಿ ಅರ್ಧ ಪರ್ಸೆಂಟ್ ಹೆಚ್ಚು ಸಿಗುತ್ತದೆ. ಉಳಿತಾಯ ಖಾತೆಗೆ ಈ ಹೆಚ್ಚಳ ಸಾಮಾನ್ಯವಾಗಿ ಇಲ್ಲ.

ಇದನ್ನೇ ತಾನಾಗಿ ಮಾಡಿಕೊಡುವ ಸೌಲಭ್ಯಕ್ಕೆ ಬ್ಯಾಂಕಿನವರು ಆಟೋ ಸ್ವೀಪ್ ಎನ್ನುತ್ತಾರೆ. ಖಾತೆಯ ಶಿಲ್ಕು ಗೊತ್ತುಮಾಡಿದ ಮಿತಿ ದಾಟಿದರೆ ಮೇಲಿನ ಹಣ ಎಫ್‌.ಡಿ.ಗೆ ಹೋಗುತ್ತದೆ, ಚೆಕ್ ಬಂದರೆ ಬೇಕಾದಷ್ಟು ಮಾತ್ರ ವಾಪಸು ಬರುತ್ತದೆ. ಕೇಳದಿದ್ದರೆ ಯಾರೂ ಇದನ್ನು ಹಾಕಿಕೊಡುವುದಿಲ್ಲ, ಅರ್ಜಿ ಕೊಡಬೇಕು. ಏಳು ದಿನಕ್ಕಿಂತ ಕಡಿಮೆ ಅವಧಿಯ ಎಫ್‌.ಡಿ.ಗೆ ಬಡ್ಡಿ ಇಲ್ಲದ್ದರಿಂದ, ಸೋಮವಾರ ಬಂದು ಶುಕ್ರವಾರ ಹೋಗುವ ಹಣಕ್ಕೆ ಈ ಏರ್ಪಾಡಿನಿಂದ ನಷ್ಟವೇ.

ಬೆಳೆಗಾರರು ಮರೆಯುವ ಇನ್ನೊಂದು ಸಂಗತಿ ತೆರಿಗೆ. ಅಡಿಕೆ ಬೆಳೆದು ಬಂದ ವರಮಾನ ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಆ ಹಣಕ್ಕೆ ಬ್ಯಾಂಕು ಕೊಟ್ಟ ಬಡ್ಡಿ ಕೃಷಿ ಆದಾಯವಲ್ಲ, ತೆರಿಗೆಯ ಲೆಕ್ಕಕ್ಕೆ ಬರುತ್ತದೆ. 2025ರ ಏಪ್ರಿಲ್‌ನಿಂದ ಒಂದು ಬ್ಯಾಂಕಿನಲ್ಲಿ ವರ್ಷದ ಎಫ್‌.ಡಿ. ಬಡ್ಡಿ 50 ಸಾವಿರ ದಾಟಿದರೆ, ಹಿರಿಯ ನಾಗರಿಕರಿಗೆ ಒಂದು ಲಕ್ಷ ದಾಟಿದರೆ, ಮೂಲದಲ್ಲೇ ತೆರಿಗೆ ಮುರಿಯುತ್ತಾರೆ. ತೆರಿಗೆ ಬರುವಷ್ಟು ಆದಾಯ ಇಲ್ಲದವರು ವರ್ಷದ ಆರಂಭದಲ್ಲೇ ಬ್ಯಾಂಕಿಗೆ ಘೋಷಣಾ ಪತ್ರ ಕೊಡಬೇಕು.

ಈಗ ಮಂಡಿಯವರ ಕಡೆಗೆ. ಅವರ ವಹಿವಾಟು ಚಾಲ್ತಿ ಖಾತೆಯದು. ಚಾಲ್ತಿ ಖಾತೆಗೆ ಬಡ್ಡಿ ಕೊಡಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ; ಯಾವ ಮ್ಯಾನೇಜರ್ ಎಷ್ಟೇ ಪರಿಚಿತನಾದರೂ ಮನಸ್ಸು ಮಾಡಿ ಕೊಡಲಾಗದು. ಆದ್ದರಿಂದ ಅತಿ ಹೆಚ್ಚು ಬಡ್ಡಿಯ ಚಾಲ್ತಿ ಖಾತೆ ಎಂಬುದೇ ಇಲ್ಲ. ಆದರೆ ದಾರಿಗಳಿವೆ. ಚಾಲ್ತಿ ಖಾತೆಗೂ ಸ್ವೀಪ್ ಹಾಕಿಸಬಹುದು. ಅದಕ್ಕಿಂತ ದೊಡ್ಡ ದಾರಿ ಸಿ.ಸಿ. ಸಾಲ ಇರುವವರಿಗೆ ತೆರೆದಿದೆ. ದಾಸ್ತಾನಿನ ಮೇಲೆ ಶೇ 10ರ ಕ್ಯಾಶ್ ಕ್ರೆಡಿಟ್ ಪಡೆದ ವ್ಯಾಪಾರಿಯ ಚಾಲ್ತಿ ಖಾತೆಯಲ್ಲಿ ಐದು ಲಕ್ಷ ಸುಮ್ಮನೆ ಕೂತಿದ್ದರೆ ಅದಕ್ಕೆ ಸೊನ್ನೆ. ಅದೇ ಹಣ ಸಿ.ಸಿ. ಖಾತೆಗೆ ಬಿದ್ದರೆ ಸಾಲದ ಶಿಲ್ಕು ಅಷ್ಟು ಇಳಿದು, ದಿನಕ್ಕೆ 137 ರೂಪಾಯಿ ಬಡ್ಡಿ ಉಳಿಯುತ್ತದೆ; ಒಂದು ತಿಂಗಳಿಗೆ 4,100 ರೂಪಾಯಿಗೂ ಮೇಲೆ. ಬೇಕಾದಾಗ ಮಿತಿಯೊಳಗೆ ಮತ್ತೆ ತೆಗೆಯಬಹುದು. ಕಟ್ಟದೆ ಉಳಿದ ಬಡ್ಡಿಗೆ ಸಮನಾದ ಬಡ್ಡಿಯನ್ನು ಈ ಕಾಲದಲ್ಲಿ ಯಾವ ಠೇವಣಿಯೂ ಕೊಡಲಾರದು. ಕೈಸಾಲ, ಚಿನ್ನದ ಸಾಲ ಇಟ್ಟುಕೊಂಡೇ ಉಳಿತಾಯ ಖಾತೆಯಲ್ಲಿ ಲಕ್ಷ ಕಾಪಾಡುವ ಮನೆಗಳಿಗೂ ಇದೇ ಮಾತು: ಮೊದಲು ಸಾಲ ತೀರಲಿ.

ಹೆಚ್ಚು ಬಡ್ಡಿಯ ಆಸೆ ಎಳೆದೊಯ್ಯುವ ಜಾಗಗಳ ಬಗ್ಗೆ ಬಿಚ್ಚಿ ಹೇಳಲೇಬೇಕು. ಅಡಿಕೆ ಸೀಮೆಯಲ್ಲಿ ಮಾರಿದ ಹಣವನ್ನು ಮಂಡಿಯಲ್ಲೇ ಬಡ್ಡಿಗೆ ಬಿಡುವ ರೂಢಿ ಹಳೆಯದು. ತಲೆಮಾರುಗಳ ನಂಬಿಕೆ ಅದರ ಹಿಂದಿದೆ, ಅದನ್ನು ಗೌರವಿಸುತ್ತೇನೆ. ಆದರೆ ಧಾರಣೆ ಕುಸಿದು ವ್ಯಾಪಾರಿ ಮುಳುಗಿದರೆ ಆ ಹಣಕ್ಕೆ ವಿಮೆ ಇಲ್ಲ. ಬ್ಯಾಂಕು ಠೇವಣಿಗೆ ಇದೆ: ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ಐದು ಲಕ್ಷದವರೆಗೆ. 2020ರ ಫೆಬ್ರವರಿ 4ಕ್ಕೆ ಮುಂಚೆ ಅದು ಒಂದು ಲಕ್ಷವಷ್ಟೇ ಇತ್ತು. ಸರ್ಕಾರಿ, ಖಾಸಗಿ, ಗ್ರಾಮೀಣ ಬ್ಯಾಂಕುಗಳಿಗೂ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿಗೂ ಈ ವಿಮೆ ಅನ್ವಯ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ವಿ.ಎಸ್‌.ಎಸ್‌.ಎನ್‌.ಗಳ ಠೇವಣಿಗೆ ಅನ್ವಯಿಸದು. ಅವು ಕೆಟ್ಟವೆಂದಲ್ಲ; ಒಂದೂವರೆ, ಎರಡು ಪರ್ಸೆಂಟ್ ಹೆಚ್ಚು ಕೊಡುವಾಗ ಆ ಅಪಾಯವನ್ನು ಹೊರುವವರು ನೀವು ಎಂದು ತಿಳಿದಿರಬೇಕು. ವಿಮೆ ಇದ್ದರೂ ಮಿತಿ ಇದೆ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ನಿರ್ಬಂಧ ಹಾಕಿದಾಗ ಠೇವಣಿದಾರರು ಮೊದಲಿಗೆ ತೆಗೆಯಬಹುದಾಗಿದ್ದುದು 35 ಸಾವಿರ ರೂಪಾಯಿ ಮಾತ್ರ. ಜೀವಮಾನದ ಉಳಿತಾಯ ಅಲ್ಲಿಟ್ಟಿದ್ದ ನಿವೃತ್ತರ ಪಾಡು ನಾಡಿಗೇ ಗೊತ್ತು. ಐದು ಲಕ್ಷಕ್ಕೆ ಮೀರಿದ ಹಣವಿದ್ದರೆ ಎರಡು ಬ್ಯಾಂಕಿಗೆ ಹಂಚಿ.

ಹಂಚುವಾಗ ಹಳೆಯ ಪಾಸ್‌ಬುಕ್‌ಗಳನ್ನೂ ಒಮ್ಮೆ ಹೊರಗೆ ತೆಗೆಯಿರಿ. ಚಿತ್ರದುರ್ಗ ಗ್ರಾಮೀಣ ಬ್ಯಾಂಕಿನ ಹೆಸರಿನ ಪುಸ್ತಕ ಸಿಕ್ಕರೆ ಬಿಸಾಡಬೇಡಿ. ಅದು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿಗೆ ಸೇರಿತು, ಮುಂದೆ ಪ್ರಗತಿ ಕೃಷ್ಣವಾಯಿತು. ಈಗ ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಇದೆ. ಎರಡು ವರ್ಷ ವಹಿವಾಟಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ಆದರೂ ಉಳಿತಾಯ ಬಡ್ಡಿ ನಿಲ್ಲುವುದಿಲ್ಲ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಅಲ್ಲಿಂದಲೂ ನಿಮ್ಮ ಬ್ಯಾಂಕಿನ ಮೂಲಕವೇ ವಾಪಸು ಪಡೆಯಬಹುದು. 2023ರಲ್ಲಿ ಶುರುವಾದ ಉದ್ಗಮ್ ಜಾಲತಾಣದಲ್ಲಿ ಹೆಸರು ಕೊಟ್ಟು ಹುಡುಕಬಹುದು.

ಚಾಲ್ತಿ ಖಾತೆಗೆ ಬಡ್ಡಿ ಬರುವ ಒಂದೇ ಸಂದರ್ಭ, ಖಾತೆದಾರ ತೀರಿಕೊಂಡಾಗ. ಸಾವಿನ ದಿನದಿಂದ ವಾರಸುದಾರರ ಕೈಗೆ ಹಣ ಸೇರುವ ದಿನದವರೆಗೆ ಉಳಿತಾಯ ಖಾತೆಯ ದರದಲ್ಲಿ ಬಡ್ಡಿ ಕೊಡಬೇಕು. ಬಹಳ ಮನೆಯವರಿಗೆ ಇದು ತಿಳಿದಿರುವುದಿಲ್ಲ, ಕೇಳಿ ಪಡೆಯಿರಿ. ಖಾತೆಗೆ ನಾಮಿನಿ ಇದ್ದರೆ ಈ ಕೆಲಸ ಬೇಗ ಮುಗಿಯುತ್ತದೆ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಮುಂದಿನ ಸಲ ಬ್ಯಾಂಕಿಗೆ ಹೋದಾಗ ನಿಮ್ಮ ಖಾತೆಯಲ್ಲಿ ಯಾರ ಹೆಸರಿದೆ ಎಂದು ಕೇಳಿ. ಇಲ್ಲದಿದ್ದರೆ ಅಲ್ಲೇ ಅರ್ಜಿ ತುಂಬಿ ಬನ್ನಿ.