ಕಾರಂತರು ಕಂಡ ಇಬ್ಬರು ಅಪ್ಪಂದಿರು

ಕನ್ನಡ ಕಾದಂಬರಿಗಳಲ್ಲಿ ಹಿಡಿದ ನಿಲುವನ್ನು ಬಿಡದ ಅಪ್ಪಂದಿರನ್ನು ಹುಡುಕುತ್ತ ಹೊರಟರೆ ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲೇ ಇಬ್ಬರು ಸಿಗುತ್ತಾರೆ. ಒಬ್ಬ 1933ರಲ್ಲಿ ಬಂದ ‘ಚೋಮನ ದುಡಿ’ಯ ಚೋಮ. ಇನ್ನೊಬ್ಬರು 1943ರ ‘ಬೆಟ್ಟದ ಜೀವ’ದ ಗೋಪಾಲಯ್ಯ. ಇಬ್ಬರನ್ನೂ ಕೊಟ್ಟವರು ಕೋಟದಲ್ಲಿ 1902ರಲ್ಲಿ ಹುಟ್ಟಿ, ಪುತ್ತೂರಿನ ಬಾಲವನದಲ್ಲಿ ದಶಕಗಟ್ಟಲೆ ಬಾಳಿದ ಶಿವರಾಮ ಕಾರಂತರು. ಚೋಮನನ್ನು ಏಕವಚನದಲ್ಲೂ ಗೋಪಾಲಯ್ಯನವರನ್ನು ಬಹುವಚನದಲ್ಲೂ ಕರೆಯುವುದು ಓದುಗರ ನಾಲಿಗೆಗೆ ಇಂದಿಗೂ ರೂಢಿ. ಇಬ್ಬರ ನಡುವಿನ ದೂರ ಎಷ್ಟೆಂದು ಆ ರೂಢಿಯೇ ಹೇಳಿಬಿಡುತ್ತದೆ.

ಜಗತ್ತಿನ ಓದುಗರಿಗೆ ಇಂಥ ಅಪ್ಪನೆಂದರೆ ಮೊದಲು ನೆನಪಾಗುವವನು ಅಮೆರಿಕದ ಹಾರ್ಪರ್ ಲೀ 1960ರಲ್ಲಿ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯ ಆಟಿಕಸ್ ಫಿಂಚ್. ಅವನು ವಕೀಲ, ಹೆಂಡತಿ ತೀರಿಹೋದವನು, ಜೆಮ್ ಮತ್ತು ಸ್ಕೌಟ್ ಎಂಬ ಇಬ್ಬರು ಮಕ್ಕಳ ತಂದೆ. ಮಾಡದ ಅಪರಾಧಕ್ಕೆ ಸಿಕ್ಕಿಬಿದ್ದ ಟಾಮ್ ರಾಬಿನ್ಸನ್ ಎಂಬ ಕಪ್ಪು ಜನಾಂಗದವನ ಪರವಾಗಿ, ಊರಿಗೆ ಊರೇ ಮುನಿಸಿಕೊಂಡರೂ ನ್ಯಾಯಾಲಯದಲ್ಲಿ ನಿಲ್ಲುತ್ತಾನೆ. ಸೋಲುತ್ತೇನೆಂದು ಗೊತ್ತಿದ್ದೇ ವಾದಿಸುತ್ತಾನೆ, ಸೋಲುತ್ತಾನೆ. ಆ ಕತೆ ನಡೆಯುವುದು 1930ರ ದಶಕದ ಅಲಬಾಮಾದಲ್ಲಿ. ಅದೇ ದಶಕದಲ್ಲಿ ಕಾರಂತರು ತಮ್ಮ ಜಿಲ್ಲೆಯ ಅಪ್ಪನೊಬ್ಬನನ್ನು ಬರೆದರು. ಆ ಅಪ್ಪನ ಕೈಯಲ್ಲಿ ಕಾನೂನಿನ ಪುಸ್ತಕವಿರಲಿಲ್ಲ, ಕೈಯಲ್ಲಿದ್ದುದು ದುಡಿ. ಆಟಿಕಸ್ ಬೇರೊಬ್ಬನಿಗೆ ಆಗುತ್ತಿರುವ ಅನ್ಯಾಯದ ವಿರುದ್ಧ ನಿಂತವನು, ಚೋಮ ಅನ್ಯಾಯವನ್ನೇ ಉಂಡು ಬದುಕಿದವನು. ನಿಲುವಿಗೆ ಬೇಕಾದ ಧೈರ್ಯ ಇಬ್ಬರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ.

ಚೋಮ ಅಸ್ಪೃಶ್ಯವೆಂದು ಊರು ದೂರವಿಟ್ಟ ಜಾತಿಯವನು, ಧಣಿ ಸಂಕಪ್ಪಯ್ಯನ ಮೂಲದ ಆಳು. ಮೂಲದ ಆಳೆಂದರೆ ಭೂಮಿಗೂ ಅದರ ಒಡೆಯನಿಗೂ ತಲೆತಲಾಂತರದಿಂದ ಕಟ್ಟಿಬಿದ್ದವನು. ಗದ್ದೆ ಉಳುತ್ತಾನೆ, ನೇಜಿ ನೆಡಲು ಹದಮಾಡುತ್ತಾನೆ, ಕೊಯ್ಯುತ್ತಾನೆ. ಗೇಣಿಗೆಂದು ಸ್ವಂತಕ್ಕೆ ಒಂದು ತುಂಡು ಗದ್ದೆ ಹಿಡಿಯಲು ಮಾತ್ರ ಅವನಿಗೆ ಹಕ್ಕಿಲ್ಲ. ಇಂಥವನ ಹಟ್ಟಿಯಲ್ಲಿ ಒಂದು ಜೋಡಿ ಎತ್ತುಗಳಿವೆ. ಕಾಡಿನಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದವನ್ನು ತಂದು ಸಾಕಿದವನು ಅವನೇ. ಉಳಲು ಎತ್ತಿದೆ, ಉಳುವ ಕೈಯಿದೆ, ನೆಲವಿಲ್ಲ. ಇಡೀ ಕಾದಂಬರಿ ಈ ಕೊರತೆಯ ಸುತ್ತ ಸುತ್ತುತ್ತದೆ.

ಮನೆಯಲ್ಲಿ ಐವರು ಮಕ್ಕಳು: ಚನಿಯ, ಗುರುವ, ಕಾಳ, ನೀಲ, ಮತ್ತು ಮನೆಯ ಭಾರವನ್ನೆಲ್ಲ ಹೊತ್ತ ಮಗಳು ಬೆಳ್ಳಿ. ಘಟ್ಟದ ಮೇಲಿನ ಕಾಫಿ ತೋಟದವರಿಂದ ತಂದ ಸಣ್ಣ ಸಾಲ ಬಡ್ಡಿ ಸೇರಿ ಬೆಳೆದು ನಿಂತಾಗ ದೊಡ್ಡ ಹುಡುಗರಿಬ್ಬರೂ ತೋಟಕ್ಕೆ ಹೋಗಿ ದುಡಿಯಬೇಕಾಗುತ್ತದೆ. ಚನಿಯ ಕಾಯಿಲೆಗೆ ಬಲಿಯಾಗುತ್ತಾನೆ. ಗುರುವ ಕ್ರೈಸ್ತ ಹುಡುಗಿಯೊಬ್ಬಳನ್ನು ಮೆಚ್ಚಿ, ಮತಾಂತರವಾಗಿ ಅಲ್ಲೇ ಉಳಿಯುತ್ತಾನೆ. ಸಾಲ ಉಳಿದೇ ಇರುತ್ತದೆ. ಆಗ ಬೆಳ್ಳಿ ಘಟ್ಟ ಹತ್ತುತ್ತಾಳೆ.

ಚೋಮನ ನಿಷ್ಠೆಯನ್ನು ಕಾರಂತರು ಎಲ್ಲಿಯೂ ಮಾತಿನಲ್ಲಿ ಹೊಗಳುವುದಿಲ್ಲ, ಅದನ್ನು ಅವನ ನಡೆಯಲ್ಲೇ ತೋರಿಸುತ್ತಾರೆ. ಸಾಲವಿದ್ದರೆ ತೀರಬೇಕು, ಅದರಲ್ಲಿ ಎರಡನೆಯ ಮಾತಿಲ್ಲ. ಧಣಿಯ ಅನ್ನದ ಋಣ ದೊಡ್ಡದು, ಅದನ್ನು ಮೀರಿ ಬೇರೆಲ್ಲೋ ಓಡಿಹೋಗುವ ಯೋಚನೆ ಅವನಿಗೆ ಬರುವುದಿಲ್ಲ. ಬೇಡುವುದು ಒಂದನ್ನೇ, ಹಡಿಲು ಬಿದ್ದ ನೆಲವಾದರೂ ಸರಿ, ಗೇಣಿಗೆ ಕೊಡಿ ಎಂದು. ಕದಿಯುವುದಿಲ್ಲ, ಕಸಿಯುವುದಿಲ್ಲ. ಆದರೆ ಅವನು ದೇವರಂಥ ಮನುಷ್ಯನೂ ಅಲ್ಲ. ಕುಡಿಯುತ್ತಾನೆ, ಸಿಟ್ಟಾಗುತ್ತಾನೆ, ಮಕ್ಕಳು ಹಸಿದಿರುವಾಗ ಎತ್ತುಗಳನ್ನು ಮಾರಿಬಿಡುವ ದಾರಿಯಿದ್ದರೂ ಮಾರುವುದಿಲ್ಲ. ಎತ್ತು ಮಾರಿದರೆ ಆಸೆಯನ್ನೇ ಮಾರಿದಂತೆ ಎಂಬುದು ಅವನ ಲೆಕ್ಕ. ಆ ಲೆಕ್ಕ ಸರಿಯೇ ತಪ್ಪೇ ಎಂಬ ತೀರ್ಪನ್ನು ಕಾದಂಬರಿಕಾರರು ಓದುಗರ ಕೈಗೇ ಬಿಟ್ಟಿದ್ದಾರೆ.

ಇಲ್ಲಿ ಸಂಕಪ್ಪಯ್ಯನ ಪಾತ್ರವನ್ನು ಸ್ವಲ್ಪ ನಿಂತು ನೋಡಬೇಕು. ಕಾರಂತರು ಅವನನ್ನು ಕೆಟ್ಟ ಧಣಿಯಾಗಿ ಚಿತ್ರಿಸಿಲ್ಲ. ಅವನಿಗೆ ಚೋಮನ ಮೇಲೆ ಕನಿಕರವಿದೆ, ಒಂದು ತುಂಡು ನೆಲ ಕೊಟ್ಟರೆ ತನಗೇನೂ ನಷ್ಟವಿಲ್ಲವೆಂದು ಅವನಿಗೆ ಅನ್ನಿಸುವುದೂ ಉಂಟು. ಆದರೆ ಮುದಿ ತಾಯಿ ಅಡ್ಡ ನಿಲ್ಲುತ್ತಾಳೆ. ಹಿಂದಿನಿಂದ ನಡೆದು ಬಂದದ್ದನ್ನು ಮುರಿಯುವುದು ಬೇಡ ಎನ್ನುತ್ತಾಳೆ. ಸಂಕಪ್ಪಯ್ಯ ಸುಮ್ಮನಾಗುತ್ತಾನೆ. ಒಳ್ಳೆಯದೆಂದು ಮನಸ್ಸಿಗೆ ತೋಚಿದ್ದನ್ನು ಮನೆಯವರ ಮುಖ ನೋಡಿ ಕೈಬಿಡುವ ಈ ಗಳಿಗೆ ಕಾದಂಬರಿಯಲ್ಲಿ ಸದ್ದಿಲ್ಲದೆ ಬಂದು ಹೋಗುತ್ತದೆ. ಚೋಮನ ಮನೆ ಮುರಿಯಲು ಶುರುವಾಗುವುದು ಅಲ್ಲಿಂದಲೇ. ಆಟಿಕಸ್ ಇದ್ದ ಊರಿನಲ್ಲೂ ಸಂಕಪ್ಪಯ್ಯನಂಥವರು ತುಂಬ ಜನ ಇದ್ದರು, ಕನಿಕರವಿದ್ದು ಬಾಯಿ ತೆರೆಯದವರು.

ಅದಕ್ಕಿಂತ ಕಠೋರವಾದದ್ದು ನದಿಯ ಪ್ರಸಂಗ. ಚೋಮನ ಮಗ ನೀಲ ನೀರಿಗಿಳಿದವನು ಮುಳುಗತೊಡಗುತ್ತಾನೆ. ದಡದಲ್ಲಿ ಜನರಿದ್ದಾರೆ. ಬ್ರಾಹ್ಮಣ ಯುವಕನೊಬ್ಬ ಹಾರಿ ಎಳೆದು ತರಲು ಮುಂದಾಗುತ್ತಾನೆ. ಉಳಿದವರು ತಡೆಯುತ್ತಾರೆ, ಮುಟ್ಟಬಾರದವನನ್ನು ಮುಟ್ಟುವುದು ಹೇಗೆ ಎಂಬ ಕಾರಣಕ್ಕೆ. ಹುಡುಗ ಸಾಯುತ್ತಾನೆ. ಹಾರಬೇಕೆನ್ನಿಸಿದ ಯುವಕನ ಮನಸ್ಸಿಗೂ ಹಾರದೇ ಉಳಿದ ಅವನ ಕಾಲಿಗೂ ನಡುವೆ ಇದ್ದದ್ದು ನಾಲ್ಕು ಜನರ ಮಾತು. ನೈತಿಕ ಧೈರ್ಯವೆಂಬ ಮಾತನ್ನು ಒಮ್ಮೆಯೂ ಬಳಸದೆ, ಅದು ಇಲ್ಲವಾದರೆ ಏನಾಗುತ್ತದೆಂದು ಇಷ್ಟು ಕಡಿಮೆ ಸಾಲುಗಳಲ್ಲಿ ತೋರಿಸಿದ ಇನ್ನೊಂದು ದೃಶ್ಯ ಕನ್ನಡದಲ್ಲಿ ಸಿಗುವುದು ಕಷ್ಟ.

ಮತಾಂತರವಾದರೆ ಭೂಮಿ ಸಿಗುತ್ತದೆ ಎಂಬ ದಾರಿಯೂ ಚೋಮನ ಮುಂದಿದೆ. ಅವನು ಆ ದಾರಿ ಹಿಡಿದು ಹೊರಡುತ್ತಾನೆ ಕೂಡ. ಬೇಕಾದದ್ದು ಹೊಸ ದೇವರಲ್ಲ, ಉಳಲು ನೆಲ. ನಡುದಾರಿಯಲ್ಲಿ ಪಂಜುರ್ಲಿ ಭೂತದ ಗುಡಿ ಎದುರಾಗುತ್ತದೆ, ಕಾಲು ಮುಂದೆ ಹೋಗುವುದಿಲ್ಲ. ತುಳುನಾಡಿನಲ್ಲಿ ಪಂಜುರ್ಲಿ ಹಂದಿಯ ರೂಪದ ದೈವ, ಬೆಳೆ ಕಾಯುವ ದೈವ. ಗದ್ದೆಯೇ ಇಲ್ಲದವನು ಗದ್ದೆ ಕಾಯುವ ದೈವಕ್ಕೆ ಕೊಟ್ಟ ನಂಬಿಕೆಯನ್ನು ಹಿಂದೆ ತೆಗೆದುಕೊಳ್ಳಲಾರದೆ ಮನೆಗೆ ತಿರುಗುತ್ತಾನೆ. ಇದನ್ನು ಮೌಢ್ಯವೆಂದು ಓದಿದವರಿದ್ದಾರೆ, ಧೀರತನವೆಂದು ಓದಿದವರೂ ಇದ್ದಾರೆ. ಕಾರಂತರೇನೋ ದೇವರು, ಮತಗಳ ವಿಷಯದಲ್ಲಿ ಸಂದೇಹವಾದಿ. ಆದರೂ ಚೋಮನ ಈ ಹಿಂಜರಿಕೆಯನ್ನು ಅವರು ಗೌರವದಿಂದ ಬರೆದಿದ್ದಾರೆ. ಎಲ್ಲವನ್ನೂ ಕಸಿದುಕೊಂಡ ಊರು ಅವನ ಪಾಲಿಗೆ ಬಿಟ್ಟದ್ದು ಆ ನಂಬಿಕೆ ಒಂದನ್ನೇ. ಅದನ್ನೂ ಕೊಟ್ಟು ನೆಲ ಕೊಳ್ಳಲು ಅವನ ಮನಸ್ಸು ಒಪ್ಪಲಿಲ್ಲ.

ಚೋಮನಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಅವನ ಸಾಲ ತೀರಿದ್ದು ಬೆಳ್ಳಿಯ ದುಡಿಮೆಯೊಂದರಿಂದಲೇ ಅಲ್ಲ. ತೋಟದ ಬರವಣಿಗೆಯವ ಮನ್ವೇಲ ಅವಳ ಮನಸ್ಸನ್ನು ಒಲಿಸಿಕೊಂಡಿದ್ದ, ತೋಟದ ಧಣಿ ಮೈಕೇಲ ಅವಳ ಮೈಯನ್ನು ಬಳಸಿಕೊಂಡು ಸಾಲದ ಲೆಕ್ಕ ಹೊಡೆದುಹಾಕಿದ್ದ. ಪಂಜುರ್ಲಿಯ ಗುಡಿಯಿಂದ ಹಿಂದಿರುಗಿದ ಚೋಮ ಮನೆಯಲ್ಲಿ ಬೆಳ್ಳಿ ಮತ್ತು ಮನ್ವೇಲರನ್ನು ಒಟ್ಟಿಗೆ ಕಂಡು ಅವಳನ್ನು ಹೊಡೆದು ಹೊರಗಟ್ಟುತ್ತಾನೆ. ಸಾಲ ತೀರಿಸಲೇಬೇಕೆಂಬ ಅಪ್ಪನ ಮರ್ಯಾದೆಗೆ ಬೆಲೆ ತೆತ್ತವಳು ಮಗಳು. ಅಪ್ಪ ಅದನ್ನು ಕೇಳಲಿಲ್ಲ. ಅಲಬಾಮಾದ ಮನೆಯಲ್ಲಿ ಸ್ಕೌಟ್ ಅಪ್ಪನ ತೊಡೆಯ ಮೇಲೆ ಕೂತು ಪ್ರಶ್ನೆ ಕೇಳುತ್ತಾಳೆ, ಉತ್ತರ ಪಡೆಯುತ್ತಾಳೆ. ಬೆಳ್ಳಿಗೆ ಅಂಥ ಒಂದು ಸಂಜೆ ಸಿಗುವುದಿಲ್ಲ. ಚೋಮನ ನಿಷ್ಠೆಯ ಕುರಿತು ಬರೆಯುವವರು ಬೆಳ್ಳಿಯನ್ನು ಬದಿಗಿಟ್ಟರೆ ಕಾದಂಬರಿಯ ಅರ್ಧವನ್ನೇ ಓದಿದಂತಾಗುತ್ತದೆ.

ಕೊನೆಗೆ ಚೋಮ ಎತ್ತುಗಳಿಗೆ ನೊಗ ಕಟ್ಟಿ ನೆಲವನ್ನು ಉಳುತ್ತಾನೆ, ಆಮೇಲೆ ಅವನ್ನು ಕಾಡಿಗೆ ಅಟ್ಟುತ್ತಾನೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾಣ ಹೋಗುವವರೆಗೂ ದುಡಿ ಬಾರಿಸುತ್ತಾನೆ.

ಕಾರಂತರು ಇದನ್ನು ಬರೆಯುವ ಮೊದಲೇ ಜಿಲ್ಲೆಯಲ್ಲಿ ಬೇರೆ ಬಗೆಯ ಅಪ್ಪಂದಿರೂ ಆಗಿಹೋಗಿದ್ದರು. ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಸ್ವಂತ ಜಾತಿಯ ಬಹಿಷ್ಕಾರಕ್ಕೆ ಜಗ್ಗಲಿಲ್ಲ. ಮಗಳು ರಾಧಾಬಾಯಿಯ ಮದುವೆಯನ್ನು ಜಾತಿ ಮೀರಿ ಪಿ. ಸುಬ್ಬರಾಯನ್ ಅವರೊಡನೆ ನಡೆಸಿದರು. ಆ ರಾಧಾಬಾಯಿ 1930ರ ದುಂಡುಮೇಜಿನ ಪರಿಷತ್ತಿಗೆ ಹೋದ ಭಾರತೀಯ ಹೆಂಗಸರಲ್ಲಿ ಒಬ್ಬರು. ರಂಗರಾಯರು 1928ರಲ್ಲಿ ತೀರಿಕೊಂಡರು. ‘ಚೋಮನ ದುಡಿ’ ಬಂದ ಮರುವರ್ಷ, 1934ರ ಫೆಬ್ರವರಿಯಲ್ಲಿ, ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಈ ಜಿಲ್ಲೆಗೆ ಬಂದರು. ಹೀಗೆ ನಿಜ ಜೀವನದಲ್ಲಿ ಸಂಕಪ್ಪಯ್ಯನ ಮೌನವನ್ನು ಮುರಿದವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದೇ ಇದ್ದರು. ಕಾದಂಬರಿ ಅವರನ್ನು ತಂದು ಚೋಮನನ್ನು ಉಳಿಸಲಿಲ್ಲ. ಉಳಿಸಿದ್ದರೆ ಓದುಗರ ಎದೆಯ ಭಾರ ಇಳಿಯುತ್ತಿತ್ತು, ಕತೆ ಮರೆತೂ ಹೋಗುತ್ತಿತ್ತು.

ಬಿ.ವಿ. ಕಾರಂತರ ನಿರ್ದೇಶನದಲ್ಲಿ ‘ಚೋಮನ ದುಡಿ’ 1975ರಲ್ಲಿ ಚಲನಚಿತ್ರವಾಗಿ ಸ್ವರ್ಣ ಕಮಲ ಪಡೆಯಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವ ರಾಯರಿಗೆ ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿ ಬಂತು. ಅದಕ್ಕೆ ಒಂದು ವರ್ಷ ಮೊದಲು, 1974ರಲ್ಲಿ, ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿತ್ತು. ದಕ್ಷಿಣ ಕನ್ನಡದಲ್ಲಿ ಸಾವಿರಾರು ಗೇಣಿದಾರರಿಗೆ ಭೂಮಿ ಸಿಕ್ಕಿತು. ಆದರೆ ಕಾಯ್ದೆ ಕೇಳಿದ್ದು ಗೇಣಿಯ ಹಕ್ಕನ್ನು. ಚೋಮ ಗೇಣಿದಾರನೇ ಆಗಿರಲಿಲ್ಲ, ಅವನು ಬೇಡಿದ್ದೇ ಗೇಣಿಯನ್ನು. ಜೀತ ನಿಷೇಧದ ಕಾನೂನು ಜಾರಿಗೆ ಬಂದದ್ದು 1975ರ ಅಕ್ಟೋಬರ್‌ನಲ್ಲಿ. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದೇ ತೆಗೆದಿರಿಸಿದ ಡಿ.ಸಿ. ಮನ್ನಾ ಭೂಮಿಯನ್ನು ಹಂಚಿ ಎಂಬ ಬೇಡಿಕೆ ಈ ಜಿಲ್ಲೆಯ ಸಭೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಚೋಮನ ಅರ್ಜಿ ಇನ್ನೂ ವಿಲೇವಾರಿಯಾಗದ ಕಡತ.

ಗೋಪಾಲಯ್ಯನವರ ಲೋಕ ಬೇರೆ. ಉಪ್ಪಿನಂಗಡಿಯಿಂದ ಪೆರಾಬೆ, ಆಲಂಕಾರು, ಕಡಬ ಹಾದು ಸುಬ್ರಹ್ಮಣ್ಯದತ್ತ ಹೋಗುವ ಸೀಮೆಯಲ್ಲಿ ಕಾಡು ದಟ್ಟವಾಗುತ್ತ, ಗುಡ್ಡಗಳು ಎತ್ತರವಾಗುತ್ತ ಹೋಗುತ್ತವೆ. ‘ಬೆಟ್ಟದ ಜೀವ’ ನಡೆಯುವುದು ಆ ಕಡೆಯ ಕುಮಾರಪರ್ವತದ ತಪ್ಪಲಿನಲ್ಲಿ. ದಾರಿ ತಪ್ಪಿದ ನಿರೂಪಕನನ್ನು ಹಳ್ಳಿಯವರಿಬ್ಬರು ಕೆಳಬೈಲಿನ ಗೋಪಾಲಯ್ಯನವರ ಮನೆಗೆ ತಂದು ಬಿಡುತ್ತಾರೆ. ಆಮೇಲೆ ಕೆಲವು ದಿನಗಳ ಊಟ, ಎಣ್ಣೆಸ್ನಾನ, ಹರಟೆ, ಕಾಡಿನ ನಡಿಗೆ. ಆ ಆದರದ ನಡುವೆ ಮುದುಕ ದಂಪತಿಯ ನೋವು ಮೆಲ್ಲಗೆ ಹೊರಬರುತ್ತದೆ. ಇದ್ದೊಬ್ಬ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ, ಹಿಂದಿರುಗಿಲ್ಲ.

ಹೆಂಡತಿ ಶಂಕರಮ್ಮನ ಕಣ್ಣು ತುಂಬುತ್ತದೆ. ಗೋಪಾಲಯ್ಯನವರು ನಗುತ್ತಾರೆ, ಹೆಂಡತಿಯನ್ನು ಛೇಡಿಸುತ್ತಾರೆ, ಹಾರೆ ಹಿಡಿದು ತೋಟಕ್ಕೆ ಹೋಗುತ್ತಾರೆ. ಮಗನನ್ನು ಶಪಿಸುವುದಿಲ್ಲ. ಬಂದವರೆದುರು ಅವನ ತಪ್ಪುಗಳ ಪಟ್ಟಿ ಬಿಚ್ಚುವುದೂ ಇಲ್ಲ. ಕಾಡಾನೆ ನುಗ್ಗುವ ಕಾಟುಮೂಲೆಯಲ್ಲಿ ಕಾಡು ಕಡಿದು, ನೀರು ತಿರುಗಿಸಿ ಅಡಿಕೆ ತೋಟ ಎಬ್ಬಿಸಿದ ಕೈ ಅದು. ಅಡಿಕೆ ಸಸಿ ನೆಟ್ಟರೆ ಫಲ ಕಾಣಲು ಐದಾರು ವರ್ಷವಾದರೂ ಬೇಕು. ಉಣ್ಣುವವರು ಯಾರೆಂದು ಗೊತ್ತಿಲ್ಲದ ಮನೆಯಲ್ಲಿ ಮುದುಕರೊಬ್ಬರು ಸಸಿ ನೆಡುತ್ತಾರೆ. ಚೋಮನ ಧೈರ್ಯ ಒಂದು ಬಾಗಿಲು ಮುಚ್ಚಿಕೊಳ್ಳುವುದರಲ್ಲಿ ಕೊನೆಗೊಂಡರೆ ಇವರದು ಪ್ರತಿ ಬೆಳಿಗ್ಗೆ ಬಾಗಿಲು ತೆರೆಯುವುದರಲ್ಲಿದೆ.

ಕಾಟುಮೂಲೆಯನ್ನು ನೋಡಿಕೊಳ್ಳುವವನು ನಾರಾಯಣ. ಗೋಪಾಲಯ್ಯನವರು ಆಸರೆ ಕೊಟ್ಟು ನೆಲೆ ನಿಲ್ಲಿಸಿದವನು, ಹೆಂಡತಿ ಲಕ್ಷ್ಮಿ ಮತ್ತು ಮಕ್ಕಳೊಡನೆ ಅಲ್ಲೇ ಸಂಸಾರ ಹೂಡಿದವನು. ಅವನಿಗೊಂದು ಅಳುಕು. ನಾಳೆ ಈ ಹಿರಿಯರು ಇಲ್ಲವಾಗಿ ಶಂಭು ಬಂದು ನಿಂತರೆ, ತಾನು ಬೆವರು ಸುರಿಸಿದ ತೋಟ ತನ್ನ ಕೈಲಿ ಉಳಿದೀತೇ? ಬೇರೆಲ್ಲಾದರೂ ಸ್ವಂತ ಜಾಗ ನೋಡಿಕೊಂಡರೆ ಒಳ್ಳೆಯದಲ್ಲವೇ? ಅವನ ಈ ಯೋಚನೆ ಗೋಪಾಲಯ್ಯನವರಿಗೆ ಮಗ ಬಿಟ್ಟುಹೋದಷ್ಟೇ ನೋವು ಕೊಡುತ್ತದೆ. ಹೊಟ್ಟೆಯಲ್ಲಿ ಹುಟ್ಟಿದವನ ಹಕ್ಕು, ದುಡಿದು ಉಳಿದವನ ಹಕ್ಕು ಎರಡೂ ಅವರ ಮುಂದಿವೆ. ಅವರ ಒಲವು ದುಡಿದವನ ಕಡೆಗಿದೆ, ಮಗನ ದಾರಿಯನ್ನು ಕಾಯುವುದನ್ನೂ ಅವರು ಬಿಟ್ಟಿಲ್ಲ. ಈ ಎರಡನ್ನೂ ಒಟ್ಟಿಗೆ ಎದೆಯಲ್ಲಿಟ್ಟುಕೊಳ್ಳುವುದು ಸುಲಭವಲ್ಲ. ಅಂಥ ಹೊತ್ತಿನಲ್ಲಿ ಹೆಚ್ಚಿನ ಅಪ್ಪಂದಿರು ಯಾವುದೋ ಒಂದನ್ನು ಕತ್ತರಿಸಿ ಎಸೆಯುತ್ತಾರೆ.

ಪಿ. ಶೇಷಾದ್ರಿ 2011ರಲ್ಲಿ ತೆರೆಗೆ ತಂದ ‘ಬೆಟ್ಟದ ಜೀವ’ದಲ್ಲಿ ದತ್ತಣ್ಣ ಗೋಪಾಲಯ್ಯನಾದರು. ಆ ಪಾತ್ರಕ್ಕೆ ದೊಡ್ಡ ಮಾತುಗಳಿಲ್ಲ, ನ್ಯಾಯಾಲಯದ ದೃಶ್ಯವಿಲ್ಲ, ಎದುರಾಳಿಯೇ ಇಲ್ಲ. ಅತಿಥಿಗೆ ಹಂಡೆ ತುಂಬ ಬಿಸಿನೀರು ಕಾಯಿಸುವುದು, ತೋಟದ ಅಂಚಿನಲ್ಲಿ ನಿಂತು ಬೆಟ್ಟ ತೋರಿಸುವುದು, ಮಗನ ಸುದ್ದಿ ತಿಳಿದರೆ ಹೇಳಿ ಎಂದು ಹೊರಡುವವನಿಗೆ ಮತ್ತೆ ನೆನಪಿಸುವುದು, ಇವೇ ಅವರ ಕೆಲಸಗಳು. ನಿರೂಪಕ ಬೆಟ್ಟ ಇಳಿದು ಹೋದ ಮೇಲೂ ಕೆಳಬೈಲಿನ ಆ ಮನೆಯಲ್ಲಿ ಮುದುಕರಿಬ್ಬರು ಇದ್ದೇ ಇರುತ್ತಾರೆ, ನಾರಾಯಣನ ಮಕ್ಕಳು ಅಂಗಳದಲ್ಲಿ ಆಡುತ್ತಿರುತ್ತಾರೆ.