ಮುಳ್ಳು ಸುಳ್ಳು ಹೇಳಿತು

ನಮ್ಮ ಭಾವನ ಹತ್ತಿರ ಒಂದು ಹಳೆಯ ಬೈಕ್ ಇದೆ. ಒಂದು ದಿನ ನಾವಿಬ್ಬರೂ ಆಲೂರಿನಿಂದ ಹೊರಟೆವು. ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋದೆವು. ಅಲ್ಲಿಂದ ಸುಬ್ರಹ್ಮಣ್ಯಕ್ಕೆ ಹೋದೆವು.

"ಇಲ್ಲೇ ಪೆಟ್ರೋಲ್ ಹಾಕಿಸೋಣವಾ ಭಾವ?" ಅಂದೆ.

"ಮುಳ್ಳು ಅರ್ಧ ತೋರಿಸ್ತಾ ಐತಲ್ಲ ಮೇಷ್ಟ್ರೇ, ಸಾಕು ಬನ್ನಿ" ಅಂದರು.

ಬಿಸಿಲೆ ಘಾಟಿ ಹತ್ತಿದೆವು. ದಾರಿ ಎಲ್ಲಾ ಕಾಡು. ವನಗೂರು ದಾಟಿದ ಮೇಲೆ ಗಾಡಿ ನಿಂತೇ ಹೋಯಿತು. ಹೊತ್ತು ಮುಳುಗುತ್ತಿತ್ತು. ಮುಳ್ಳು ಮಾತ್ರ ಇನ್ನೂ ಅರ್ಧದಲ್ಲೇ ಇತ್ತು!

ನಮ್ಮ ಕಡೆ ಸಂಜೆ ದಾರಿಯಲ್ಲಿ ನಿಲ್ಲುವುದು ಆಟವಲ್ಲ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಓಡಾಡುತ್ತವೆ. 2014ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರು. ಆದರೂ ಆನೆ ಭಯ ತಪ್ಪಿಲ್ಲ.

ಟ್ಯಾಂಕಿನ ಒಳಗೆ ನೋಡಲು ಭಾವ ಬೆಂಕಿಪೊಟ್ಟಣ ತೆಗೆದರು. ನಾನು ಗಬಕ್ಕನೆ ಕೈ ಹಿಡಿದೆ. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು. ಮನುಷ್ಯನೇ ಸುಟ್ಟು ಹೋಗುತ್ತಾನೆ.

ಮುಳ್ಳು ಏಕೆ ತಪ್ಪು ತೋರಿಸುತ್ತದೆ?

ಟ್ಯಾಂಕಿನ ಒಳಗೆ ತೇಲುವ ಒಂದು ತುಂಡು ಇರುತ್ತದೆ. ಅದಕ್ಕೆ ಫ್ಲೋಟ್ ಅನ್ನುತ್ತಾರೆ. ಪೆಟ್ರೋಲ್ ಏರಿದರೆ ಅದೂ ಏರುತ್ತದೆ. ಇಳಿದರೆ ಅದೂ ಇಳಿಯುತ್ತದೆ. ಈ ಸುದ್ದಿ ವೈರಿನ ಮೂಲಕ ಮೀಟರಿಗೆ ಹೋಗುತ್ತದೆ. ಆಗ ಮುಳ್ಳು ಆಡುತ್ತದೆ.

ಫ್ಲೋಟ್ ಸಿಕ್ಕಿಕೊಂಡರೆ ಮುಳ್ಳೂ ನಿಂತುಬಿಡುತ್ತದೆ. ಫ್ಲೋಟ್ ತೂತಾದರೆ ಮುಳುಗುತ್ತದೆ. ಆಗ ಟ್ಯಾಂಕ್ ತುಂಬಿದ್ದರೂ ಖಾಲಿ ಎಂದು ತೋರಿಸುತ್ತದೆ. ಮಳೆಗೆ ವೈರಿನ ತುದಿ ತುಕ್ಕು ಹಿಡಿದರೂ ಮೀಟರ್ ತಪ್ಪುತ್ತದೆ. ಘಾಟಿ ಹತ್ತುವಾಗ ಪೆಟ್ರೋಲ್ ಹಿಂದಕ್ಕೆ ಸರಿಯುತ್ತದೆ. ಆಗ ಸರಿ ಇರುವ ಮುಳ್ಳೂ ಸ್ವಲ್ಪ ತಪ್ಪು ಹೇಳಬಹುದು.

ಲೆಕ್ಕ ಇಡಿ

ಮುಳ್ಳು ಕೆಟ್ಟರೂ ಲೆಕ್ಕ ಕೆಡುವುದಿಲ್ಲ. ಒಂದು ಸಲ ಟ್ಯಾಂಕ್ ತುಂಬಿಸಿ. ಮೀಟರಿನಲ್ಲಿರುವ ಕಿಲೋಮೀಟರ್ ಬರೆದುಕೊಳ್ಳಿ. 12,400 ಇತ್ತು ಅನ್ನಿ. ಸ್ವಲ್ಪ ದಿನ ಓಡಿಸಿ ಮತ್ತೆ ತುಂಬಿಸಿ. ಈಗ 12,600 ಇದೆ. 4 ಲೀಟರ್ ಹಿಡಿಯಿತು. ಅಂದರೆ 200 ಕಿ.ಮೀ.ಗೆ 4 ಲೀಟರ್. ಒಂದು ಲೀಟರಿಗೆ 50 ಕಿ.ಮೀ.

ಘಾಟಿ ಹತ್ತುವಾಗ, ಇಬ್ಬರು ಕೂತಾಗ ಹೆಚ್ಚು ಪೆಟ್ರೋಲ್ ಬೇಕು. ಆದ್ದರಿಂದ 50ರ ಬದಲು 40 ಎಂದೇ ಹಿಡಿಯಿರಿ. ಟ್ಯಾಂಕಿನಲ್ಲಿ 5 ಲೀಟರ್ ಇದ್ದರೆ 1 ಲೀಟರ್ ಲೆಕ್ಕಕ್ಕೆ ಸೇರಿಸಬೇಡಿ. ಅದು ಕಷ್ಟಕಾಲಕ್ಕೆ. ಉಳಿದ 4 ಲೀಟರಿಗೆ 160 ಕಿ.ಮೀ. ಅಷ್ಟರೊಳಗೆ ಮತ್ತೆ ಹಾಕಿಸಿ. ಕಿಲೋಮೀಟರ್ ತೋರಿಸುವ ಮೀಟರೂ ಕೆಟ್ಟಿದೆಯೇ? ದಾರಿ ಬದಿಯ ಕಲ್ಲು ಓದಿ.

ರಿಸರ್ವ್ ಮರೆಯಬೇಡಿ

ಹಳೆಯ ಬೈಕುಗಳಲ್ಲಿ ಟ್ಯಾಂಕಿನ ಕೆಳಗೆ ಒಂದು ನಲ್ಲಿ ಇರುತ್ತದೆ. ಪೆಟ್ರೋಲ್ ಮುಗಿದು ಗಾಡಿ ನಿಂತರೆ ಅದನ್ನು ರಿಸರ್ವಿಗೆ ತಿರುಗಿಸಬೇಕು. ಆಗ ಅಡಿಯಲ್ಲಿ ಉಳಿದದ್ದು ಬರುತ್ತದೆ. ಪೆಟ್ರೋಲ್ ಹಾಕಿಸಿದ ಮೇಲೆ ಮತ್ತೆ ಮೊದಲಿನಂತೆ ತಿರುಗಿಸಬೇಕು. ಭಾವ ಇದನ್ನು ಮರೆತಿದ್ದರು. ರಿಸರ್ವೂ ಮುಗಿದಿತ್ತು.

2020ರ ನಂತರ ಬಂದ ಬೈಕುಗಳಲ್ಲಿ ಸಾಮಾನ್ಯವಾಗಿ ಈ ನಲ್ಲಿ ಇಲ್ಲ. ಅವುಗಳಿಗಂತೂ ಲೆಕ್ಕ ಇನ್ನೂ ಮುಖ್ಯ.

ನಾವು ಹೇಗೆ ಪಾರಾದೆವು?

ಟ್ಯಾಂಕಿನ ತಳ ಮಧ್ಯದಲ್ಲಿ ಉಬ್ಬಿರುತ್ತದೆ. ನಲ್ಲಿ ಇಲ್ಲದ ಬದಿಯಲ್ಲಿ ಸ್ವಲ್ಪ ಪೆಟ್ರೋಲ್ ಉಳಿಯುತ್ತದೆ. ಗಾಡಿಯನ್ನು ನಲ್ಲಿ ಇರುವ ಬದಿಗೆ ಚೆನ್ನಾಗಿ ವಾಲಿಸಿದೆವು. ಉಳಿದದ್ದು ಈ ಕಡೆಗೆ ಹರಿಯಿತು. ಗಾಡಿ ಶುರುವಾಯಿತು. ನಿಧಾನವಾಗಿ ಹೆತ್ತೂರು ಸೇರಿದೆವು. ಅಲ್ಲಿ ಪರಿಚಯದವರೊಬ್ಬರು ಪೆಟ್ರೋಲ್ ಕೊಟ್ಟು ಪುಣ್ಯ ಕಟ್ಟಿಕೊಂಡರು.

ಭಾವ ಅಂಕಿ ಬರೆಯಲು ಕಲಿತದ್ದು ನಮ್ಮ ಕಲಿಕಾ ಕೇಂದ್ರದಲ್ಲಿ. ಈಗ ಅವರ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ ಇರುತ್ತದೆ. "ಮುಳ್ಳು ನಂಬಿ ಕೆಟ್ಟೆ, ಇನ್ನು ಲೆಕ್ಕ ನಂಬ್ತೀನಿ" ಅನ್ನುತ್ತಾರೆ.

ನೆನಪಿಡಿ

- ಟ್ಯಾಂಕಿನ ಹತ್ತಿರ ಬೆಂಕಿ, ಬೀಡಿ ಬೇಡ.
- ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಒಯ್ಯಬೇಡಿ.
- ಪೆಟ್ರೋಲ್ ಉಳಿಸಲು ಘಾಟಿಯಲ್ಲಿ ಇಂಜಿನ್ ಆರಿಸಿ ಇಳಿಯಬೇಡಿ. ಎಲ್ಲಾ ಭಾರ ಬ್ರೇಕಿನ ಮೇಲೆ ಬೀಳುತ್ತದೆ.
- ಕಾಡುದಾರಿಗೆ ಮುಂಚೆ ಸಿಗುವ ಬಂಕಿನಲ್ಲೇ ಹಾಕಿಸಿ.
- ಊರಿಗೆ ಬಂದ ಮೇಲೆ ಮೀಟರ್ ರಿಪೇರಿ ಮಾಡಿಸಿ.

ಲೆಕ್ಕ ಮಾಡಿ

ಟ್ಯಾಂಕಿನಲ್ಲಿ 4 ಲೀಟರ್ ಇದೆ. 1 ಲೀಟರ್ ಕಷ್ಟಕಾಲಕ್ಕೆ ಬಿಡಿ. ಲೀಟರಿಗೆ 40 ಕಿ.ಮೀ. ಆದರೆ ಎಷ್ಟು ದೂರ ಹೋಗಬಹುದು?