ತಂಡ ಯಾರ ಸ್ವತ್ತು?

2023ರ ಜೂನ್ 13, ಮಂಗಳವಾರ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಓಕ್ಲೆಂಡ್ ನಗರದ ಕೊಲಿಸಿಯಂ ಕ್ರೀಡಾಂಗಣದಲ್ಲಿ 27,759 ಪ್ರೇಕ್ಷಕರು ನೆರೆದಿದ್ದರು. ಅದೇ ವರ್ಷದ ಕೆಲವು ಪಂದ್ಯಗಳಿಗೆ ಅಲ್ಲಿ ಮೂರು ಸಾವಿರ ಜನರೂ ಬಂದಿರಲಿಲ್ಲ. ಅಂದು ಬಂದವರಲ್ಲಿ ಸಾವಿರಾರು ಮಂದಿ ಹಸಿರು ಅಂಗಿ ತೊಟ್ಟಿದ್ದರು. ಅದರ ಮೇಲೆ ಇದ್ದುದು ಒಂದೇ ಮಾತು: ‘ಮಾರಿಬಿಡಿ’. ಅದು ಓಕ್ಲೆಂಡ್ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡದ ಮಾಲೀಕ ಜಾನ್ ಫಿಶರ್ ಅವರಿಗೆ ಹೇಳಿದ ಮಾತು. ಬಹಿಷ್ಕಾರವೆಂದರೆ ಸಾಮಾನ್ಯವಾಗಿ ಬಾರದೆ ಉಳಿಯುವುದು. ಈ ಅಭಿಮಾನಿಗಳು ಗುಂಪುಗೂಡಿ ಬಂದು ಪ್ರತಿಭಟಿಸಿದರು. ಆದ್ದರಿಂದ ಆ ದಿನಕ್ಕೆ ‘ತಿರುಗುಮುರುಗು ಬಹಿಷ್ಕಾರ’ ಎಂಬ ಹೆಸರು ಬಂತು.

ತಂಡವನ್ನು ಲಾಸ್ ವೇಗಾಸ್ ನಗರಕ್ಕೆ ಒಯ್ಯುವ ಯತ್ನ ಆಗ ನಡೆದಿತ್ತು. ಓಕ್ಲೆಂಡಿನಲ್ಲಿ ಜನ ಆಟ ನೋಡಲು ಬರುವುದಿಲ್ಲ ಎಂಬುದು ಅದಕ್ಕೆ ಕೊಡಲಾಗುತ್ತಿದ್ದ ಕಾರಣಗಳಲ್ಲೊಂದು. ಅಭಿಮಾನಿಗಳ ಉತ್ತರವೂ ಸರಳವಾಗಿತ್ತು. ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಕಳುಹಿಸಿಬಿಟ್ಟು, ಅವರ ಸ್ಥಾನಕ್ಕೆ ಹಣ ಹೂಡದೆ, ಬಳಿಕ ಜನ ಬರಲಿಲ್ಲವೆಂದು ದೂರುವುದು ಯಾವ ನ್ಯಾಯ? ಆಟಗಾರರ ಸಂಬಳ, ವಿನಿಮಯ, ಆಡಳಿತದ ತೀರ್ಮಾನ ಇವುಗಳ ಸುತ್ತ ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳು ಮುಗಿಯದ ಚರ್ಚೆ ನಡೆಸುತ್ತಾರೆ. ಓಕ್ಲೆಂಡಿನಲ್ಲಿ ಆ ಚರ್ಚೆ ಒಂದು ಊರು ತನ್ನ ತಂಡವನ್ನು ಉಳಿಸಿಕೊಳ್ಳುವ ಹೋರಾಟವಾಯಿತು.

ಸಂಬಳದ ಪಟ್ಟಿ

ಐಪಿಎಲ್ ಕ್ರಿಕೆಟ್ ಬಲ್ಲವರಿಗೆ ತಂಡವೊಂದರ ವೆಚ್ಚದ ಮಿತಿ ಪರಿಚಿತ. 2025ರ ಋತುವಿನ ಹರಾಜಿನಲ್ಲಿ ಪ್ರತಿಯೊಂದು ತಂಡದ ಪಾಲಿಗೂ ಸಮಾನವಾಗಿ 120 ಕೋಟಿ ರೂಪಾಯಿ ನಿಗದಿಯಾಗಿತ್ತು. ಶ್ರೀಮಂತ ಮಾಲೀಕನೂ ಅದನ್ನು ಮೀರುವಂತಿರಲಿಲ್ಲ. ಅಮೆರಿಕದ ಪ್ರಮುಖ ಬೇಸ್‌ಬಾಲ್ ಲೀಗಿನಲ್ಲಿ ಇಂತಹ ಕಟ್ಟುನಿಟ್ಟಾದ ಮಿತಿಯಿಲ್ಲ. ಗೊತ್ತುಪಡಿಸಿದ ಮೊತ್ತವನ್ನು ದಾಟಿದ ತಂಡ ಹೆಚ್ಚುವರಿ ತೆರಿಗೆ ತೆರಬೇಕು, ಅಷ್ಟೆ. 2023ರಲ್ಲಿ ಆ ಮೊತ್ತ 23.3 ಕೋಟಿ ಡಾಲರು. ಕನಿಷ್ಠ ಇಷ್ಟನ್ನಾದರೂ ಆಟಗಾರರಿಗೆ ವ್ಯಯಿಸಬೇಕೆಂಬ ನಿಯಮವೂ ಇಲ್ಲ.

ಪರಿಣಾಮವಾಗಿ 30 ತಂಡಗಳ ನಡುವೆ ಅಗಾಧ ಅಂತರ. 2023ರ ಆರಂಭದಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಸಂಬಳದ ಮೊತ್ತ ಸುಮಾರು 35 ಕೋಟಿ ಡಾಲರು. ಓಕ್ಲೆಂಡಿನದು 6 ಕೋಟಿಗಿಂತಲೂ ಕಡಿಮೆ. ಇಬ್ಬರೂ ಅದೇ ಲೀಗಿನಲ್ಲಿ, ಅದೇ 162 ಪಂದ್ಯಗಳನ್ನು ಆಡಬೇಕು. ಓಕ್ಲೆಂಡ್ 50 ಪಂದ್ಯ ಗೆದ್ದು 112ರಲ್ಲಿ ಸೋತಿತು.

ಹಾಗೆಂದು ಹಣ ಸುರಿದವರೆಲ್ಲ ಗೆಲ್ಲುತ್ತಾರೆ ಎನ್ನಲಾಗದು. ಆ ವರ್ಷ ಮೆಟ್ಸ್ ತಂಡವೂ 75 ಗೆಲುವು, 87 ಸೋಲುಗಳೊಂದಿಗೆ ಮುಂದಿನ ಹಂತ ತಲುಪದೆ ಉಳಿಯಿತು. ಅಭಿಮಾನಿಗಳಲ್ಲಿ ಎರಡು ಪಕ್ಷಗಳಾಗುವುದು ಇಲ್ಲಿಯೇ. ಮಾಲೀಕ ಕೈಬಿಚ್ಚಿ ಖರ್ಚು ಮಾಡಲಿ ಎಂಬುದು ಒಂದು ಪಕ್ಷ. ಇರುವ ಹಣವನ್ನು ಜಾಣತನದಿಂದ ಬಳಸಿದರೆ ಸಾಕು ಎಂಬುದು ಇನ್ನೊಂದು. ಈ ಎರಡನೆಯ ಪಕ್ಷಕ್ಕೆ ಅತ್ಯಂತ ಪ್ರಬಲವಾದ ಸಾಕ್ಷ್ಯವನ್ನು ಒದಗಿಸಿದ ತಂಡವೂ ಓಕ್ಲೆಂಡೇ.

ಬಡತನದಲ್ಲಿ ಜಾಣತನ

2001ರ ಕೊನೆಗೆ ಓಕ್ಲೆಂಡಿನ ಅತ್ಯುತ್ತಮ ದಾಂಡಿಗ ಜೇಸನ್ ಜಿಯಾಂಬಿ 12 ಕೋಟಿ ಡಾಲರುಗಳ ಏಳು ವರ್ಷದ ಕರಾರಿಗೆ ನ್ಯೂಯಾರ್ಕ್ ಯಾಂಕೀಸ್ ಸೇರಿದರು. ಜಾನಿ ಡೇಮನ್ ಬಾಸ್ಟನ್ನಿಗೆ ಹೋದರು. ಇವರನ್ನು ಉಳಿಸಿಕೊಳ್ಳುವಷ್ಟು ಹಣ ಪ್ರಧಾನ ವ್ಯವಸ್ಥಾಪಕ ಬಿಲ್ಲಿ ಬೀನ್ ಅವರ ಕೈಯಲ್ಲಿರಲಿಲ್ಲ. ಅವರು ಅಂಕಿಅಂಶಗಳ ಮೊರೆಹೋದರು. ಹೊಡೆತದ ಅಬ್ಬರಕ್ಕಿಂತ, ಯಾವ ರೀತಿಯಲ್ಲಾದರೂ ಸರಿ, ಔಟಾಗದೆ ಮೊದಲ ಬೇಸ್ ತಲುಪುವವನೇ ತಂಡಕ್ಕೆ ಹೆಚ್ಚು ಉಪಯುಕ್ತ. ಮಾರುಕಟ್ಟೆ ಮಾತ್ರ ಅಂತಹವನಿಗೆ ಕಡಿಮೆ ಬೆಲೆ ಕಟ್ಟಿದೆ ಎಂಬುದು ಅವರ ಲೆಕ್ಕ. ಮೊಣಕೈ ಗಾಯದಿಂದಾಗಿ ಕ್ಯಾಚರ್ ಸ್ಥಾನದಲ್ಲಿ, ಅಂದರೆ ವಿಕೆಟ್‌ಕೀಪರನಂತಹ ಜಾಗದಲ್ಲಿ, ಮುಂದುವರಿಯಲಾಗದಿದ್ದ ಸ್ಕಾಟ್ ಹ್ಯಾಟೆಬರ್ಗ್ ಅವರನ್ನು ಕರೆತಂದು ಬೇರೆ ಸ್ಥಾನದಲ್ಲಿ ನಿಲ್ಲಿಸಿದರು.

2002ರಲ್ಲಿ ಸುಮಾರು 4 ಕೋಟಿ ಡಾಲರು ಸಂಬಳದ ಓಕ್ಲೆಂಡ್ 103 ಪಂದ್ಯ ಗೆದ್ದಿತು. ಸುಮಾರು 12.5 ಕೋಟಿ ಡಾಲರಿನ ಯಾಂಕೀಸ್ ಗೆದ್ದದ್ದೂ ಅಷ್ಟೇ. ಓಕ್ಲೆಂಡ್ ಸತತ 20 ಪಂದ್ಯಗಳನ್ನು ಜಯಿಸಿತು. ಇಪ್ಪತ್ತನೆಯದನ್ನು ಅಂತಿಮ ಹೊಡೆತದಿಂದ ಗೆದ್ದುಕೊಟ್ಟವರು ಆ ಹ್ಯಾಟೆಬರ್ಗ್. ಮೈಕೇಲ್ ಲೂಯಿಸ್ ಅವರ ‘ಮನಿಬಾಲ್’ ಪುಸ್ತಕ, ಬಳಿಕ ಬಂದ ಅದೇ ಹೆಸರಿನ ಚಲನಚಿತ್ರ ಈ ಕಥೆಯನ್ನು ಜಗತ್ತಿಗೆ ತಿಳಿಸಿದವು.

ಕಥೆಯ ಉಳಿದರ್ಧವನ್ನು ಅಭಿಮಾನಿಗಳು ಮರೆತಿಲ್ಲ. ಆ ವರ್ಷ ಓಕ್ಲೆಂಡ್ ನಿರ್ಣಾಯಕ ಘಟ್ಟದ ಮೊದಲ ಸರಣಿಯಲ್ಲೇ ಸೋತಿತು. ಈ ಉಪಾಯವನ್ನು ಶ್ರೀಮಂತ ತಂಡಗಳೂ ಬಲುಬೇಗ ಕಲಿತವು. ಹಣವಿಲ್ಲದವನ ಜಾಣತನವನ್ನು ಹಣವಿದ್ದವನೂ ಕಲಿತ ಮೇಲೆ ಹಣವಿಲ್ಲದವನಲ್ಲಿ ಉಳಿಯುವುದು ಏನು? ಮತ್ತೊಂದು ಅಪಾಯವೂ ಹುಟ್ಟಿತು. ಕಡಿಮೆ ಖರ್ಚಿನಲ್ಲಿ ಗೆಲ್ಲಬಹುದೆಂಬ ಸತ್ಯವು ಕಡಿಮೆ ಖರ್ಚು ಮಾಡಿದರೆ ಸಾಕು ಎಂಬ ನೆಪವಾಗಿಯೂ ಬಳಕೆಗೆ ಬರುವಂತಾಯಿತು.

ಆರು ವರ್ಷದ ಗಡಿಯಾರ

ಒಬ್ಬ ಒಳ್ಳೆಯ ಆಟಗಾರನನ್ನು ತಂಡವೇಕೆ ಬಿಟ್ಟುಕೊಡುತ್ತದೆ? ಉತ್ತರ ನಿಯಮಾವಳಿಯಲ್ಲಿದೆ. ಪ್ರಮುಖ ಲೀಗಿಗೆ ಕಾಲಿಟ್ಟವನು ಆರು ವರ್ಷಗಳ ಸೇವೆ ಮುಗಿಯುವವರೆಗೆ ಸ್ವಇಚ್ಛೆಯಿಂದ ಬೇರೆ ತಂಡ ಸೇರುವಂತಿಲ್ಲ. ಸಾಮಾನ್ಯವಾಗಿ ಮೊದಲ ಮೂರು ವರ್ಷ ಕನಿಷ್ಠ ಸಂಬಳಕ್ಕೆ ಸಮೀಪದ ಮೊತ್ತ. 2023ರಲ್ಲಿ ಆ ಕನಿಷ್ಠ 7,20,000 ಡಾಲರು. ಅನಂತರದ ವರ್ಷಗಳಲ್ಲಿ ತಂಡವೂ ಆಟಗಾರನೂ ಒಪ್ಪದಿದ್ದರೆ ಮಧ್ಯಸ್ಥಗಾರರು ಸಂಬಳ ತೀರ್ಮಾನಿಸುತ್ತಾರೆ. ಆರು ವರ್ಷ ತುಂಬಿದವನು ‘ಮುಕ್ತ ಆಟಗಾರ’. ಆಗ ಅವನು ಹೊರಟರೆ ಪ್ರತಿಯಾಗಿ ಸಿದ್ಧ ಆಟಗಾರನೊಬ್ಬ ತಂಡಕ್ಕೆ ಬರುವುದಿಲ್ಲ. ಆದ್ದರಿಂದ ಗಡಿಯಾರ ನಿಲ್ಲುವ ಮೊದಲೇ ಅವನನ್ನು ಕೊಟ್ಟು, ಇನ್ನೂ ಹಲವು ವರ್ಷ ಅಗ್ಗದ ಸಂಬಳಕ್ಕೆ ದೊರೆಯುವ ಎಳೆಯರನ್ನು ಪಡೆಯುವುದು ವಿನಿಮಯದ ತರ್ಕ.

ತರ್ಕದಲ್ಲಿ ತಪ್ಪಿಲ್ಲ. ಅಭಿಮಾನಿಗಳ ವಾದ ಅಳತೆಯ ಕುರಿತದ್ದು. 2022ರ ಮಾರ್ಚಿನಲ್ಲಿ ಕೆಲವೇ ದಿನಗಳೊಳಗೆ ಕ್ರಿಸ್ ಬ್ಯಾಸಿಟ್, ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್ ಮೂವರನ್ನೂ ಓಕ್ಲೆಂಡ್ ಬಿಟ್ಟುಕೊಟ್ಟಿತು. ಡಿಸೆಂಬರಿನಲ್ಲಿ ಕ್ಯಾಚರ್ ಶಾನ್ ಮರ್ಫಿ ಹೋದರು. ಅಟ್ಲಾಂಟಾ ಸೇರಿದ ಓಲ್ಸನ್ ಮರುವರ್ಷ 54 ಹೋಮ್‌ರನ್ ಹೊಡೆದು ಇಡೀ ಲೀಗಿಗೆ ಮೊದಲಿಗರಾದರು. ಮರ್ಫಿಯವರ ಮೂರು ತಂಡಗಳ ವಿನಿಮಯದಲ್ಲಿ ವಿಲಿಯಂ ಕೊಂತ್ರೇರಾಸ್ ಎಂಬ ಪ್ರತಿಭಾವಂತ ಕ್ಯಾಚರ್ ಮಿಲ್ವಾಕಿಯ ಪಾಲಾದರು. ಓಕ್ಲೆಂಡಿಗೆ ಬಂದವರಲ್ಲಿ ಪ್ರಮುಖ ಎಸ್ತ್ಯೂರಿ ರೂಯಿಸ್. ವೇಗದ ಓಟದಿಂದ 67 ಬೇಸ್ ಕದ್ದರೂ ಬ್ಯಾಟಿನಿಂದ ಅವರು ಕೊಂತ್ರೇರಾಸರಿಗೆ ಸರಿಸಾಟಿಯಾಗಲಿಲ್ಲ. ಮಾರಿದ್ದಕ್ಕಿಂತಲೂ ಕಡಿಮೆಗೆ ಮಾರಿದ್ದು ಅಭಿಮಾನಿಗಳಿಗೆ ನೋವಾಯಿತು.

ಕಾನೂನು ಕಂಡವರು, ಕಾಣದವರು

ಸೇವೆ ಮುಗಿಸಿ ಮುಕ್ತ ಆಟಗಾರನಾಗುವ ಈ ಹಕ್ಕು ಹಿಂದೆ ಆ ಲೀಗಿನಲ್ಲಿ ಇರಲಿಲ್ಲ. ಕರಾರಿನಲ್ಲಿದ್ದ ‘ಮೀಸಲು ಷರತ್ತಿ’ನ ಬಲದಿಂದ ತಂಡವು ಆಟಗಾರನನ್ನು ವರ್ಷದಿಂದ ವರ್ಷಕ್ಕೆ ತನ್ನಲ್ಲೇ ಕಟ್ಟಿಹಾಕಬಹುದಿತ್ತು, ಬೇಡವಾದಾಗ ಅವನನ್ನು ಕೇಳದೆಯೇ ಬೇರೆಡೆಗೆ ಮಾರಬಹುದಿತ್ತು. ಬೇಸ್‌ಬಾಲ್ ಅಂತರರಾಜ್ಯ ವಾಣಿಜ್ಯವಲ್ಲ, ಆದ್ದರಿಂದ ಏಕಸ್ವಾಮ್ಯ ವಿರೋಧಿ ಕಾನೂನು ಅದಕ್ಕೆ ಅನ್ವಯಿಸದು ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1922ರಲ್ಲಿ ಹೇಳಿತ್ತು. 1969ರಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್ ಅವರನ್ನು ಫಿಲಡೆಲ್ಫಿಯಾಕ್ಕೆ ವರ್ಗಾಯಿಸಿತು. ತಾನು ಕೊಂಡು ಮಾರುವ ಸರಕಲ್ಲ ಎಂದು ಅವರು ನ್ಯಾಯಾಲಯದ ಮೆಟ್ಟಿಲೇರಿದರು. 1972ರಲ್ಲಿ 5–3ರ ಬಹುಮತದಿಂದ ಅವರ ಅರ್ಜಿ ತಿರಸ್ಕೃತವಾಯಿತು. ಹಳೆಯ ತೀರ್ಪು ಅಸಂಗತವೆಂದು ಒಪ್ಪಿಕೊಂಡ ನ್ಯಾಯಾಲಯವು ಅದನ್ನು ಸರಿಪಡಿಸುವ ಹೊಣೆಯನ್ನು ಸಂಸತ್ತಿಗೆ ಬಿಟ್ಟಿತು.

ಬಾಗಿಲು ತೆರೆದದ್ದು ನ್ಯಾಯಾಲಯದಿಂದಲ್ಲ, ಮಧ್ಯಸ್ಥಿಕೆಯಿಂದ. ಅದರ ಮೊದಲ ಅಂಕ ನಡೆದದ್ದೂ ಓಕ್ಲೆಂಡಿನಲ್ಲಿಯೇ. ಅಂದಿನ ಮಾಲೀಕ ಚಾರ್ಲ್ಸ್ ಫಿನ್ಲಿ ತನ್ನ ಪಿಚರ್ ಕ್ಯಾಟ್‌ಫಿಶ್ ಹಂಟರ್ ಅವರಿಗೆ ಕರಾರಿನಂತೆ ವಿಮಾ ಯೋಜನೆಗೆ ಕಟ್ಟಬೇಕಿದ್ದ 50,000 ಡಾಲರು ಕಟ್ಟಲಿಲ್ಲ. ಕರಾರು ಮುರಿದಿದೆ, ಹಂಟರ್ ಸ್ವತಂತ್ರರು ಎಂದು 1974ರ ಡಿಸೆಂಬರಿನಲ್ಲಿ ಮಧ್ಯಸ್ಥಗಾರ ಪೀಟರ್ ಸೀಟ್ಸ್ ತೀರ್ಪಿತ್ತರು. ಮರುವರ್ಷದ ಡಿಸೆಂಬರ್ 23ರಂದು ಇನ್ನಿಬ್ಬರು ಆಟಗಾರರ ಪ್ರಕರಣದಲ್ಲಿ, ಮೀಸಲು ಷರತ್ತು ಒಂದು ವರ್ಷಕ್ಕಷ್ಟೇ ಅನ್ವಯಿಸುತ್ತದೆ ಎಂದು ಅವರೇ ನಿರ್ಣಯಿಸಿದರು. ಆಟಗಾರನ ಸಂಕೋಲೆ ಕಳಚಿತು.

1972ರಿಂದ 1974ರವರೆಗೆ ಸತತ ಮೂರು ವರ್ಷ ‘ವರ್ಲ್ಡ್ ಸೀರೀಸ್’ ಗೆದ್ದಿದ್ದ ಓಕ್ಲೆಂಡಿನ ಆಟಗಾರರೆಲ್ಲ ಹೊರಟುಹೋಗುವರೆಂದು ಫಿನ್ಲಿ ಬೆದರಿದರು. 1976ರ ಜೂನಿನಲ್ಲಿ ಮೂವರನ್ನು ಒಟ್ಟು 35 ಲಕ್ಷ ಡಾಲರಿಗೆ ಮಾರಿದರು. ಇದು ಆಟದ ಹಿತಕ್ಕೆ ವಿರುದ್ಧವೆಂದು ಲೀಗಿನ ಕಮಿಷನರ್ ಬೋವಿ ಕೂನ್ ಮಾರಾಟವನ್ನೇ ರದ್ದುಗೊಳಿಸಿದರು. ಫಿನ್ಲಿ ದಾವೆ ಹೂಡಿದರು. 1978ರಲ್ಲಿ ಮೇಲ್ಮನವಿ ನ್ಯಾಯಾಲಯ ಕಮಿಷನರರ ಅಧಿಕಾರವನ್ನು ಎತ್ತಿಹಿಡಿಯಿತು. ಬರಿದಾದ ತಂಡ 1979ರಲ್ಲಿ 108 ಪಂದ್ಯ ಸೋತಿತು.

ಹೀಗೆ ಮಾಲೀಕನ ಸ್ವತ್ತು, ಆಟಗಾರನ ಸ್ವಾತಂತ್ರ್ಯ, ಲೀಗಿನ ಅಧಿಕಾರ ಮೂರಕ್ಕೂ ಕಾನೂನು ಒಂದೊಂದು ಸ್ಥಾನ ಕೊಟ್ಟಿದೆ. ಪ್ರೇಕ್ಷಕನಿಗೆ ಮಾತ್ರ ಇಲ್ಲ. ಟಿಕೆಟ್ ಕೊಂಡವನಿಗೆ ಅಂದಿನ ಆಟ ನೋಡುವ ಹಕ್ಕಿದೆ, ನಾಳೆಯೂ ತಂಡ ಇಲ್ಲಿಯೇ ಇರಲಿ ಎನ್ನುವ ಹಕ್ಕಿಲ್ಲ. ತಂಡದ ಸ್ಥಳಾಂತರದ ವಿಷಯದಲ್ಲಿ ನಗರವೊಂದರ ಮಾತೂ ನಡೆಯಲಿಲ್ಲ. ಅಥ್ಲೆಟಿಕ್ಸ್ ತಮ್ಮಲ್ಲಿಗೆ ಬರಲು ಲೀಗ್ ಅಡ್ಡಿಪಡಿಸುತ್ತಿದೆ ಎಂದು ನೆರೆಯ ಸ್ಯಾನ್ ಹೋಸೆ ನಗರ ಹೂಡಿದ್ದ ದಾವೆ 1922ರ ಆ ತೀರ್ಪಿನಿಂದ ಹುಟ್ಟಿದ ವಿನಾಯಿತಿಗೆ ತಗಲಿ 2015ರಲ್ಲಿ ಬಿದ್ದುಹೋಯಿತು.

ಕಾರಣವೋ ಪರಿಣಾಮವೋ

ಸಂಖ್ಯೆ ಕಡಿಮೆ ಎನ್ನುವುದು ನಿರ್ವಿವಾದ. 2022ರಲ್ಲಿ ಇಡೀ ಋತುವಿನಲ್ಲಿ ಕೊಲಿಸಿಯಂಗೆ ಬಂದವರು ಎಂಟು ಲಕ್ಷಕ್ಕಿಂತಲೂ ಕಡಿಮೆ. ಆದರೆ ಆ ಸಂಖ್ಯೆಯನ್ನು ಓದುವ ಕ್ರಮ ಬೇರೆಬೇರೆ. ಮಾಲೀಕನಿಗೆ ಅದು ಊರಿನ ನಿರಾಸಕ್ತಿಯ ಪುರಾವೆ. ಅಭಿಮಾನಿಗೆ ಅದು ನಿರ್ಲಕ್ಷ್ಯದ ಫಲ: ಕ್ರೀಡಾಂಗಣ ಹಳತಾಗಿ ದುರಸ್ತಿಯಿಲ್ಲದೆ ಬಿದ್ದಿತ್ತು, ಮೆಚ್ಚಿನ ಆಟಗಾರರು ಹೋಗಿದ್ದರು, ಋತುವಿನ ಟಿಕೆಟಿನ ದರ ಮಾತ್ರ ಏರಿತ್ತು. ಮೊದಲು ಸೊರಗಿಸಿ, ಬಳಿಕ ಸೊರಗಿದೆಯೆಂದು ಮುಚ್ಚುವ ಪರಿಪಾಠ ಬೇಸ್‌ಬಾಲಿಗಷ್ಟೇ ಸೀಮಿತವಲ್ಲವಾದ್ದರಿಂದ ಈ ವಾದ ಬಹಳ ಮಂದಿಗೆ ತಟ್ಟನೆ ಅರ್ಥವಾಯಿತು.

ಮಾಲೀಕನ ಪಕ್ಷಕ್ಕೂ ಒಂದು ಮಾತಿದೆ. ಹೊಸ ಕ್ರೀಡಾಂಗಣಕ್ಕಾಗಿ ಓಕ್ಲೆಂಡಿನ ಬಂದರು ಪ್ರದೇಶದಲ್ಲಿ ವರ್ಷಗಟ್ಟಲೆ ನಡೆದ ಮಾತುಕತೆ ಫಲಿಸಲಿಲ್ಲ. ನೆವಾಡಾ ರಾಜ್ಯವೋ, ಅಭಿಮಾನಿಗಳ ಪ್ರತಿಭಟನೆಯ ವಾರದಲ್ಲಿಯೇ, 38 ಕೋಟಿ ಡಾಲರುಗಳವರೆಗಿನ ಸಾರ್ವಜನಿಕ ನೆರವಿಗೆ ಒಪ್ಪಿಗೆ ನೀಡಿತು. ಆ ಹಣವನ್ನು ಶಾಲೆ, ರಸ್ತೆಗಳಿಗೆ ಬಳಸಬೇಕಿತ್ತಲ್ಲವೇ ಎಂಬ ಪ್ರಶ್ನೆ ಅಲ್ಲಿಯೂ ಎದ್ದಿತ್ತು. 2023ರ ನವೆಂಬರ್ 16ರಂದು 30 ತಂಡಗಳ ಮಾಲೀಕರು ಅವಿರೋಧವಾಗಿ ಸ್ಥಳಾಂತರವನ್ನು ಅನುಮೋದಿಸಿದರು.

2024ರ ಸೆಪ್ಟೆಂಬರ್ 26ರಂದು 46,889 ಜನರ ಎದುರು ಅಥ್ಲೆಟಿಕ್ಸ್ ಓಕ್ಲೆಂಡಿನ ಕಡೆಯ ಪಂದ್ಯವನ್ನು 3–2ರಿಂದ ಗೆದ್ದಿತು. 57 ವರ್ಷದ ನಂಟು ಮುಗಿಯಿತು. ಲಾಸ್ ವೇಗಾಸಿನ ಕ್ರೀಡಾಂಗಣ ಸಿದ್ಧವಾಗುವ ತನಕ, ಅಂದರೆ 2028ರವರೆಗೆ, ಸ್ಯಾಕ್ರಮೆಂಟೊದ ಸಣ್ಣ ಕ್ರೀಡಾಂಗಣವೇ ಅದಕ್ಕೆ ಆಶ್ರಯ. ಓಕ್ಲೆಂಡ್ ಬಿಟ್ಟ ಕೆಲವೇ ತಿಂಗಳಲ್ಲಿ ತಂಡ ಪಿಚರ್ ಲೂಯಿಸ್ ಸೆವೆರಿನೊ ಅವರೊಂದಿಗೆ 6.7 ಕೋಟಿ ಡಾಲರುಗಳ ಮೂರು ವರ್ಷದ ಕರಾರು ಮಾಡಿಕೊಂಡಿತು. ಅದು ತಂಡದ ಇತಿಹಾಸದಲ್ಲೇ ಅಂದಿನವರೆಗಿನ ಅತಿದೊಡ್ಡ ಕರಾರಾಗಿತ್ತು. ಅಭಿಮಾನಿಗಳು ಕೇಳಿದ್ದ ಹಣ ಕೊನೆಗೂ ಹೊರಬಂತು, ಅವರು ಇಲ್ಲದ ಊರಿನಲ್ಲಿ.

ಷೇರು ಹಿಡಿದ ಪ್ರೇಕ್ಷಕ

ಬೇರೆ ದಾರಿಯೇ ಇಲ್ಲವೆನ್ನುವಂತಿಲ್ಲ. ಅಮೆರಿಕನ್ ಫುಟ್‌ಬಾಲಿನ ಗ್ರೀನ್ ಬೇ ಪ್ಯಾಕರ್ಸ್ 1923ರಿಂದಲೂ ಸಾರ್ವಜನಿಕರ ಒಡೆತನದಲ್ಲಿದೆ. ಇಂದು ಅದರ ಷೇರುದಾರರು ಐದು ಲಕ್ಷಕ್ಕೂ ಹೆಚ್ಚು. ಷೇರಿಗೆ ಲಾಭಾಂಶವಿಲ್ಲ. ಆದರೆ ಅಷ್ಟು ಚಿಕ್ಕ ಊರಿನಿಂದ ತಂಡವನ್ನು ಕಿತ್ತೊಯ್ಯಲು ಒಬ್ಬ ಮಾಲೀಕನ ಇಚ್ಛೆ ಸಾಲುವುದಿಲ್ಲ.

ಓಕ್ಲೆಂಡಿನಲ್ಲಿಯೂ 2024ರಲ್ಲಿ ‘ಓಕ್ಲೆಂಡ್ ಬಾಲರ್ಸ್’ ಎಂಬ ಹೊಸ ತಂಡ ಸಣ್ಣ ಲೀಗೊಂದರಲ್ಲಿ ಆಟ ಆರಂಭಿಸಿತು. ನಗರದ ಪಶ್ಚಿಮ ಭಾಗದ ರೈಮಂಡಿ ಸಾರ್ವಜನಿಕ ಉದ್ಯಾನವೇ ಅದರ ಮೈದಾನ. ತಂಡದ ಒಂದು ಪಾಲನ್ನು ಅಭಿಮಾನಿಗಳಿಗೆ ಮಾರಲಾಯಿತು; ಎರಡು ಸಾವಿರಕ್ಕೂ ಹೆಚ್ಚು ಮಂದಿ ಅದನ್ನು ಕೊಂಡರು. 2025ರಲ್ಲಿ ಆ ತಂಡ ತನ್ನ ಲೀಗಿನ ಪ್ರಶಸ್ತಿಯನ್ನೂ ಗೆದ್ದಿತು. ಕೋಟಿಗಳ ಸಂಬಳ ಅಲ್ಲಿಲ್ಲ, ಜಗತ್ಪ್ರಸಿದ್ಧ ಆಟಗಾರರೂ ಇಲ್ಲ. ಯಾರನ್ನು ಉಳಿಸಿಕೊಳ್ಳಬೇಕಿತ್ತು, ಯಾರನ್ನು ಬಿಡಬೇಕಿತ್ತು ಎಂಬ ವಾಗ್ವಾದ ಅಲ್ಲಿಯೂ ನಡೆಯುತ್ತದೆ. ವಾದಿಸುವವರಲ್ಲಿ ಕೆಲವರ ಕೈಯಲ್ಲಿ ಈಗ ಟಿಕೆಟಿನ ಜೊತೆಗೆ ಷೇರು ಪತ್ರವೂ ಇದೆ.